ಅಜ್ಜನ ಪೆಟ್ಟಿಗೆಯ ಏಳು ಬ್ರಷ್

ನಮ್ಮ ವಾಟ್ಸಾಪ್ ಗುಂಪಿನ ಹೆಸರು ‘ಅಜ್ಜನ ಮನೆ’. ಹದಿನೇಳು ಜನ ಇದ್ದೇವೆ. ಮಾತಾಡುವವರು ಆರು ಜನ, ಉಳಿದವರು ಓದಿ ಸುಮ್ಮನಿರುತ್ತಾರೆ. ಗುರುವಾರ ರಾತ್ರಿ ಶುರುವಾದ ಜಗಳವನ್ನು ಹಾಗೇ ಇಲ್ಲಿ ಇಳಿಸಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆ. ಗುಡ್ ಮಾರ್ನಿಂಗ್ ಹೂಗಳನ್ನೂ ಹಲಸಿನ ಹಣ್ಣಿನ ಮಾತನ್ನೂ ಬಿಟ್ಟಿದ್ದೇನೆ. ಪುಟ್ಟಿ ಅಂದರೆ ಚಿಕ್ಕಮ್ಮನ ಮಗಳು, ಎರಡನೇ ಪಿಯುಸಿ. ಚಿಕ್ಕಮ್ಮ ಮೂವತ್ತು ವರ್ಷ ಬಯಾಲಜಿ ಪಾಠ ಮಾಡಿದವರು. ಇದು ಗೊತ್ತಿದ್ದರೆ ಸಾಕು.

ಪುಟ್ಟಿ: ಭಾನುವಾರದ ವಾಟರ್ ಕಲರ್ ವರ್ಕ್‌ಶಾಪಿಗೆ ಲಿಸ್ಟ್ ಬಂತು. ಯಾರ ಹತ್ತಿರ ಏನಿದೆ ಹೇಳಿ, ಉಳಿದದ್ದು ಕೊಳ್ಳುತ್ತೇನೆ.

ಪುಟ್ಟಿ (ಫಾರ್ವರ್ಡ್): ಬೆಳಿಗ್ಗೆ 9.30ರಿಂದ ಸಂಜೆ 5. ಈ ಸಲದ ಹಕ್ಕಿ: ಸಣ್ಣ ನೀಲಿ ಮಿಂಚುಳ್ಳಿ (ಕಾಮನ್ ಕಿಂಗ್‌ಫಿಷರ್). 300 ಜಿಎಸ್‌ಎಂ ಹಾಟ್ ಪ್ರೆಸ್ ಕಾಗದ, ಪೂರ್ತಿ ಹತ್ತಿಯದು, ಎರಡು ಹಾಳೆ. ರೌಂಡ್ ಬ್ರಷ್ ನಂಬರ್ 8, 4, 1, ತುದಿ ಚೂಪಾಗಿರಲಿ. ಟ್ಯೂಬ್ ಬಣ್ಣ. ಮಾಸ್ಕಿಂಗ್ ಫ್ಲೂಯಿಡ್ (ಬಿಳಿಯಾಗಿ ಉಳಿಯಬೇಕಾದ ಜಾಗಕ್ಕೆ ಬಣ್ಣ ತಾಗದಂತೆ ಹಚ್ಚುವ ದ್ರವ). ಬಿಳಿ ಗ್ವಾಶ್ (ಕೆಳಗಿನದು ಕಾಣದಂತೆ ಮುಚ್ಚುವ ದಪ್ಪ ಬಣ್ಣ) ಸ್ವಲ್ಪ. ನೀರಿಗೆ ಎರಡು ಡಬ್ಬಿ. ಹೇರ್ ಡ್ರೈಯರ್. ಪೆನ್ಸಿಲ್ ಚಿತ್ರವನ್ನು ಹಾಳೆ ಮೇಲೆ ಮೊದಲೇ ಇಳಿಸಿಕೊಂಡು ಬನ್ನಿ.

ಅಮ್ಮ: ಡ್ರೈಯರ್ ಇದೆ. ತಲೆ ಒಣಗಿಸುವುದಕ್ಕಾ, ಚಿತ್ರ ಒಣಗಿಸುವುದಕ್ಕಾ?

ಪುಟ್ಟಿ: ಚಿತ್ರಕ್ಕೆ ದೊಡ್ಡಮ್ಮ. ಒಂದು ಪದರ ಒಣಗದೆ ಇನ್ನೊಂದು ಹಾಕಿದರೆ ಗರಿ ಎಲ್ಲ ಕಲಸಿ ಹೋಗುತ್ತದೆ. ಈ ಮಳೆಯಲ್ಲಿ ತಾನಾಗಿ ಒಣಗಲಿ ಅಂತ ಕಾದರೆ ಅಲ್ಲೇ ಸಂಜೆ ಆಗುತ್ತದೆ.

ತಮ್ಮ: ಎರಡು ಹಾಳೆಗೆ ಇಷ್ಟೊಂದು ಷರತ್ತಾ? ಆಫೀಸಿನಿಂದ ಒಂದು ರೀಮ್ ಎ4 ಕಳಿಸಲಾ?

ಚಿಕ್ಕಮ್ಮ: ಪ್ರಿಂಟರ್ ಹಾಳೆ 70-80 ಜಿಎಸ್‌ಎಂ ಇರುತ್ತದೆ. ನೀರು ಬಿದ್ದರೆ ಹಪ್ಪಳದ ಹಾಗೆ ಏಳುತ್ತದೆ. 300 ಅಂದರೆ ಒಂದು ಚದರ ಮೀಟರ್ ಕಾಗದ 300 ಗ್ರಾಂ ತೂಗುತ್ತದೆ. ಹಾಟ್ ಪ್ರೆಸ್ ಅಂದರೆ ಬಿಸಿಯಲ್ಲಿ ಒತ್ತಿ ನಯ ಮಾಡಿದ ಕಾಗದ. ಕೋಲ್ಡ್ ಪ್ರೆಸ್‌ನಲ್ಲಿ ತರಿ ಇರುತ್ತದೆ. ಬೆಟ್ಟ, ಮೋಡಕ್ಕೆ ಅದು ಚೆನ್ನ. ಗರಿಯ ಗೀಟು ಎಳೆಯುವಾಗ ಆ ತರಿಯ ಮೇಲೆ ಬ್ರಷ್ ಕುಂಟುತ್ತದೆ.

ತಮ್ಮ: ಸರಿ. ಆದರೆ ಚಿತ್ರ ಮನೆಯಲ್ಲೇ ಇಳಿಸಿಕೊಂಡು ಹೋಗುವುದು ಕಾಪಿ ಹೊಡೆದ ಹಾಗೆ ಅಲ್ವಾ?

ಚಿಕ್ಕಮ್ಮ: ಇರುವುದೇ ಒಂದು ದಿನ. ಊಟ, ಟೀ, ಒಣಗಿಸುವುದು ಕಳೆದರೆ ಬಣ್ಣ ಹಚ್ಚುವುದಕ್ಕೆ ನಾಲ್ಕು ಗಂಟೆ ಸಿಕ್ಕರೆ ಪುಣ್ಯ. ಅಲ್ಲಿ ಕೂತು ಕೊಕ್ಕು ಅಳಿಸಿ ಬರೆದು, ಅಳಿಸಿ ಬರೆದು ಮಾಡಿದರೆ ಹಾಳೆಯ ಮೈ ಎದ್ದು ಬರುತ್ತದೆ. ಆಮೇಲೆ ಆ ಜಾಗದಲ್ಲಿ ಬಣ್ಣ ಕಲೆ ಕಟ್ಟುತ್ತದೆ. ಬೇರೆ ಹಾಳೆಯಲ್ಲಿ ಎಷ್ಟು ಸಲ ಬೇಕಾದರೂ ತಿದ್ದು. ಸರಿ ಅನ್ನಿಸಿದ ಮೇಲೆ ಹಿಂದೆ 4ಬಿ ಪೆನ್ಸಿಲ್ ಉಜ್ಜಿ, ಒಳ್ಳೆ ಹಾಳೆ ಮೇಲಿಟ್ಟು ಗೆರೆ ಎಳೆ. ಮೂಲ ಚಿತ್ರ ನಿನ್ನದೇ ಆಗಿದ್ದರೆ ಕಾಪಿ ಎಲ್ಲಿ ಬಂತು?

ಮಾವ: ಲಿಸ್ಟಿನಲ್ಲಿ ಬಿಳಿ ಬಣ್ಣ ಯಾಕಿದೆ? ವಾಟರ್ ಕಲರ್‌ನಲ್ಲಿ ಬಿಳಿ ಅಂದರೆ ಕಾಗದದ ಬಿಳಿ. ಅಪ್ಪ ಬಿಳಿ ಟ್ಯೂಬ್ ಮುಟ್ಟಲು ಬಿಡುತ್ತಿರಲಿಲ್ಲ. ಇದು ಯಾವ ಸೀಮೆ ವರ್ಕ್‌ಶಾಪ್?

ಪುಟ್ಟಿ: ಮಾವ, ಜರ್ಮನಿಯ ಚಿತ್ರಕಾರ ಡ್ಯೂರರ್ 1502ರಲ್ಲಿ ಬರೆದ ಮೊಲ ಇದೆಯಲ್ಲ, ವಿಯೆನ್ನಾದ ಆಲ್ಬರ್ಟಿನಾ ಮ್ಯೂಸಿಯಂನದು, ಅದರಲ್ಲೂ ಬಿಳಿ ಹಾಕಿದ್ದಾರೆ. ಜಹಾಂಗೀರನ ಆಸ್ಥಾನದ ಚಿತ್ರಕಾರ ಮನ್ಸೂರ್ ಕೂಡ ತಮ್ಮ ಹಕ್ಕಿಗಳಿಗೆ ಹಾಕಿದ್ದಾರೆ.

ಮಾವ: ಅವರು ಬಾದಶಹರ ಕಡೆಯವರು. ನಾವು ಡ್ರಾಯಿಂಗ್ ಮೇಷ್ಟ್ರ ಮನೆಯವರು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಅಜ್ಜ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಅವರ ಪೆಟ್ಟಿಗೆ ನಂಜನಗೂಡಿನಲ್ಲಿ ಮಾವನ ಮನೆಯಲ್ಲಿದೆ. ಆ ಪೆಟ್ಟಿಗೆ ಯಾರ ಪಾಲು ಅನ್ನುವ ಮಾತು ನಮ್ಮಲ್ಲಿ ಯಾರೂ ಎತ್ತುವುದಿಲ್ಲ, ಯಾರೂ ಮರೆಯುವುದೂ ಇಲ್ಲ.

ಪುಟ್ಟಿ (ಫೋಟೊ): ನೋಡಿ ಬರೆಯುವುದಕ್ಕೆ ಇದು ಹೇಗಿದೆ?

ಅಮ್ಮ: ಅಯ್ಯೋ ಎಷ್ಟು ಮುದ್ದಾಗಿದೆ!

ಚಿಕ್ಕಮ್ಮ: ಎಲ್ಲಿ ಸಿಕ್ಕಿತು ಇದು?

ತಮ್ಮ: ನಾನೇ ಎಐನಲ್ಲಿ ಮಾಡಿ ಕೊಟ್ಟೆ. ನೆಟ್‌ನಿಂದ ಯಾರದೋ ಫೋಟೊ ತೆಗೆದರೆ ಕಾಪಿರೈಟ್ ತಕರಾರು. ಇದು ಯಾರದೂ ಅಲ್ಲ.

ಚಿಕ್ಕಮ್ಮ: ಹೌದು, ಯಾರದೂ ಅಲ್ಲ. ಮಿಂಚುಳ್ಳಿಯದೂ ಅಲ್ಲ. ಕಾಲು ದೊಡ್ಡದು ಮಾಡಿ ನೋಡು. ಮುಂದೆ ನಾಲ್ಕು ಬೆರಳು, ಒಂದೊಂದೂ ಬೇರೆ ಬೇರೆ. ಮಿಂಚುಳ್ಳಿಗೆ ಮುಂದೆ ಮೂರು, ಹಿಂದೆ ಒಂದು. ಮುಂದಿನ ಮೂರರಲ್ಲಿ ಹೊರಗಿನ ಎರಡು ಬೆರಳು ಬಹುಪಾಲು ಅಂಟಿಕೊಂಡಿರುತ್ತವೆ. ಕೊಕ್ಕು ನೋಡು. ಮೇಲೆ ಅರ್ಧ ಕಿತ್ತಳೆ, ಕೆಳಗೆ ಕಪ್ಪು. ಗಂಡಿಗೆ ಪೂರ್ತಿ ಕಪ್ಪು, ಹೆಣ್ಣಿಗೆ ಕೆಳಗಿನ ಕೊಕ್ಕು ಕೆಂಪು ಕಿತ್ತಳೆ. ಇದು ಎರಡೂ ಅಲ್ಲ.

ತಮ್ಮ: ಬೆರಳು ಎಣಿಸುವವರು ಯಾರು ಚಿಕ್ಕಮ್ಮ?

ಚಿಕ್ಕಮ್ಮ: ವೈಲ್ಡ್‌ಲೈಫ್ ಚಿತ್ರ ಬರೆಯುತ್ತೇನೆ ಅಂತ ಹೊರಟವರು ಎಣಿಸಬೇಕು. ಪುಟ್ಟಿ, ನಾಳೆ ಬೆಳಿಗ್ಗೆ ಆರಕ್ಕೆ ಏಳು. ಕುಕ್ಕರಹಳ್ಳಿ ಕೆರೆಗೆ ಹೋಗೋಣ. ಬೈನಾಕ್ಯುಲರ್ ನಾನು ತರುತ್ತೇನೆ.

ಪುಟ್ಟಿ: ಆರಕ್ಕಾ?!

ಮಾವ (ಫೋಟೊ): ಬ್ರಷ್ ಕೊಳ್ಳಬೇಡ ಮಗು. ಅಪ್ಪನ ಪೆಟ್ಟಿಗೆಯಲ್ಲಿ ಏಳು ಇವೆ. ಇನ್ನೂ ತುದಿ ಸೂಜಿಯ ಹಾಗಿದೆ. ಅಸಲಿ ಮುಂಗುಸಿ ಕೂದಲು. ಈಗ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಶನಿವಾರ ಬಸ್ಸಿನಲ್ಲಿ ನಾನೇ ತಂದು ಕೊಡುತ್ತೇನೆ.

ಫೋಟೊದಲ್ಲಿ ಹಳೆಯ ಬಿಳಿ ಪಂಚೆಯ ತುಂಡಿನ ಮೇಲೆ ಏಳು ಬ್ರಷ್. ಮರದ ಹಿಡಿಯಲ್ಲಿ ಅಜ್ಜ ಚಾಕುವಿನಲ್ಲಿ ಕೆತ್ತಿದ ಸಣ್ಣ ಗುರುತು. ನಾನಂತೂ ತಕ್ಷಣ ಹೃದಯದ ಚಿಹ್ನೆ ಒತ್ತಿದೆ. ಒತ್ತಬಾರದಿತ್ತು.

ಚಿಕ್ಕಮ್ಮ: ಅಣ್ಣ, ಅವು ಬೇಡ.

ಮಾವ: ಯಾಕೆ?

ಚಿಕ್ಕಮ್ಮ: ಸಿಗುವುದಿಲ್ಲ ಅಂತ ನೀನೇ ಬರೆದೆಯಲ್ಲ. ಯಾಕೆ ಸಿಗುವುದಿಲ್ಲ ಅಂತ ಯೋಚಿಸು. ಕುರಿ ಹಾಗೆ ಮುಂಗುಸಿಯನ್ನು ಯಾರೂ ಸಾಕಿ ಕೂದಲು ಕತ್ತರಿಸುವುದಿಲ್ಲ. ಕಾಡು, ಹೊಲದಲ್ಲಿ ಹಿಡಿದು ಕೊಂದು ತೆಗೆಯುತ್ತಾರೆ. ಅಂಥ ಬ್ರಷ್ ಹಿಡಿದು ವನ್ಯಜೀವಿ ಚಿತ್ರ ಬರೆಯಲು ನನ್ನ ಮಗಳನ್ನು ಕಳಿಸಲಾ?

ಮಾವ: ನಲವತ್ತು ವರ್ಷದ ಬ್ರಷ್. ಈಗ ಬಿಸಾಕಿದರೆ ಮುಂಗುಸಿ ಎದ್ದು ಓಡುತ್ತದಾ? ಆಗ ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಿದ್ದರು. ಅಪ್ಪ ಸಂಬಳದಲ್ಲಿ ಉಳಿಸಿ ತಂದದ್ದು, ಕದ್ದದ್ದಲ್ಲ.

ಚಿಕ್ಕಮ್ಮ: ಅಪ್ಪ ತಪ್ಪು ಮಾಡಿದರು ಅಂತ ನಾನೆಲ್ಲಿ ಹೇಳಿದೆ?

ಮಾವ: ಹೇಳದೆ ಹೇಳಿದೆ.

ಭಾವ: ಮಾವ, ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪಟ್ಟಿಯಲ್ಲಿ ಮುಂಗುಸಿ ಇದೆ. 2022ರ ತಿದ್ದುಪಡಿಯಲ್ಲಿ ಮೊದಲನೇ ಅನುಸೂಚಿಗೇ ಸೇರಿಸಿದ್ದಾರೆ, ಹುಲಿ ಇರುವ ಅನುಸೂಚಿ. ಅದರ ಕೂದಲಿನ ಬ್ರಷ್ ಮಾರುವುದು, ಕೊಳ್ಳುವುದು, ಸಾಗಿಸುವುದು ಎಲ್ಲ ಅಪರಾಧ.

ಮಾವ: ನಂಜನಗೂಡಿನಿಂದ ಮೈಸೂರಿಗೆ ಬಸ್ಸಿನಲ್ಲಿ ತಂದರೂ ಸಾಗಿಸಿದ ಹಾಗಾ?

ಭಾವ: ಹೌದು ಮಾವ.

ತಮ್ಮ: ಮಾವ ಸ್ಮಗ್ಲರ್ 😂

ಈ ಮೆಸೇಜನ್ನು ತಮ್ಮ ಎರಡು ನಿಮಿಷದಲ್ಲಿ ಅಳಿಸಿದ. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

ಮಾವ: ಹಾಗಾದರೆ ಆ ಸೇಬಲ್ ಬ್ರಷ್, ಸಾವಿರಾರು ರೂಪಾಯಿ ಕೊಟ್ಟು ತರಿಸುತ್ತಾರಲ್ಲ, ಕೊಲಿನ್ಸ್ಕಿ. ಅದು ಯಾವ ಮರದಲ್ಲಿ ಬೆಳೆಯುತ್ತದೆ? ಅದೂ ಒಂದು ಪ್ರಾಣಿಯ ಬಾಲ ತಾನೆ? ಫಾರಿನ್ ಪ್ರಾಣಿ ಸತ್ತರೆ ಪರವಾಗಿಲ್ಲ, ನಮ್ಮ ಅಪ್ಪನ ಬ್ರಷ್ ಮಾತ್ರ ಪಾಪ.

ಈ ಮಾತಿಗೆ ಹತ್ತು ನಿಮಿಷ ಯಾರೂ ಉತ್ತರ ಕೊಡಲಿಲ್ಲ. ಮಾವ ಗೆದ್ದರು ಅಂತಲೇ ನಾನು ಅಂದುಕೊಂಡೆ.

ಚಿಕ್ಕಮ್ಮ: ನೀನು ಹೇಳಿದ್ದು ಸರಿ. ಕೊಲಿನ್ಸ್ಕಿಯೂ ಸೈಬೀರಿಯಾ ಕಡೆಯ ಒಂದು ಬಗೆಯ ವೀಸಲ್‌ನ, ಅಂದರೆ ನೋಡಲು ಮುಂಗುಸಿಯಂಥದೇ ಸಣ್ಣ ಪ್ರಾಣಿಯ, ಬಾಲದ ಕೂದಲೇ. ಅದೂ ಬೇಡ. ಸಿಂಥೆಟಿಕ್ ಸಾಕು. ನೀರು ಸ್ವಲ್ಪ ಕಡಿಮೆ ಹಿಡಿಯುತ್ತದೆ, ಜಾಸ್ತಿ ಸಲ ಅದ್ದಬೇಕು, ಅಷ್ಟೇ. ಅಣ್ಣ, ನಮ್ಮ ಹಿತ್ತಲಿನ ಬಾವಿ ಕಟ್ಟೆ ಹತ್ತಿರ ಮುಂಗುಸಿ ಬರುತ್ತಿತ್ತು, ನೆನಪಿದೆಯಾ? ನೀನು ಕಲ್ಲು ಹೊಡೆದಾಗ ಅಪ್ಪ ನಿನ್ನ ಕಿವಿ ಹಿಂಡಿದ್ದರು. ಬೆಳಿಗ್ಗೆ ಅದರ ಮುಖ ಕಂಡರೆ ದಿನ ಚೆನ್ನಾಗಿರುತ್ತದೆ ಅನ್ನುತ್ತಿದ್ದರು. ಆ ಬ್ರಷ್ ಏನು ಅಂತ ಅವರಿಗೆ ಸರಿಯಾಗಿ ಗೊತ್ತಿದ್ದರೆ ಅವರೇ ಮುಟ್ಟುತ್ತಿರಲಿಲ್ಲ.

*ಮಾವ ಗುಂಪಿನಿಂದ ಹೊರಹೋದರು.*

ಅಮ್ಮ: ಆಯ್ತಾ? ಸಮಾಧಾನ ಆಯ್ತಾ ಎಲ್ಲರಿಗೂ? ಒಂದು ಬ್ರಷ್ಷಿಗೆ.

ಶುಕ್ರವಾರ ಬೆಳಿಗ್ಗೆ ಅಮ್ಮ ನಂಜನಗೂಡಿಗೆ ಫೋನ್ ಮಾಡಿದರು. ಮುಕ್ಕಾಲು ಗಂಟೆ ಮಾತು. ಬ್ರಷ್ ವಿಷಯ ಕೊನೆಯ ಎರಡು ನಿಮಿಷ ಮಾತ್ರ ಬಂತಂತೆ. ಅದೇ ಹೊತ್ತಿಗೆ ಪುಟ್ಟಿ ಕೆರೆ ಏರಿಯ ಮೇಲಿದ್ದಳು.

ಪುಟ್ಟಿ: ಸಿಕ್ಕಿತು! ಮುರಿದ ಕೊಂಬೆ ಮೇಲೆ ಕೂತಿತ್ತು. ಎಂಥ ಮಜಾ ಗೊತ್ತಾ, ಮೋಡ ಇದ್ದಾಗ ಬೆನ್ನು ಮಂಕಾಗಿತ್ತು, ಬಿಸಿಲು ಬಂದ ಕೂಡಲೇ ದೀಪ ಹಾಕಿದ ಹಾಗೆ ನೀಲಿ. ಆ ನೀಲಿ ಗರಿಯಲ್ಲಿರುವ ಬಣ್ಣ ಅಲ್ಲವಂತೆ. ಗರಿಯೊಳಗಿನ ಸಣ್ಣ ರಚನೆಯ ಮೇಲೆ ಬೆಳಕು ಬಿದ್ದು ಹಾಗೆ ಕಾಣುವುದಂತೆ. ಅದಕ್ಕೇ ತಿರುಗಿದ ಹಾಗೆಲ್ಲ ಬದಲಾಗುತ್ತದೆ.

ತಮ್ಮ: ಇಲ್ಲದ ಬಣ್ಣಕ್ಕೆ ಯಾವ ಟ್ಯೂಬ್ ಕೊಳ್ಳುತ್ತೀಯ?

ಪುಟ್ಟಿ: ಮೊದಲು ತೆಳುವಾಗಿ ಹಸಿರು ನೀಲಿ ಬಳಿದು ಒಣಗಿಸುತ್ತೇನೆ. ಆಮೇಲೆ ಗರಿಯ ಅಂಚಿಗೆ ಮಾತ್ರ ಕಡು ನೀಲಿ. ಬೆನ್ನಿನ ನಡುವೆ ಆ ಮೊದಲ ಪದರವನ್ನು ಹಾಗೇ ಬಿಡಬೇಕು. ಮೂರು ನೀಲಿ ಕಲಸಿದರೆ ಕೆಸರಾಗುತ್ತದೆ, ನಿನ್ನೆ ಕೆಡಿಸಿ ನೋಡಿದೆ.

ಚಿಕ್ಕಮ್ಮ: ಮಾಸ್ಕಿಂಗ್ ಫ್ಲೂಯಿಡ್ ಹಚ್ಚುವ ಬ್ರಷ್ಷಿಗೆ ಮೊದಲು ಸೋಪು ಉಜ್ಜಿಕೋ. ಇಲ್ಲದಿದ್ದರೆ ರಬ್ಬರಿನ ಹಾಗೆ ಅಂಟಿ ಬ್ರಷ್ ಅಲ್ಲಿಗೇ ಮುಗಿಯಿತು. ಅದರ ಮೇಲೆ ಡ್ರೈಯರ್ ಹಿಡಿಯಬೇಡ.

*ಅಮ್ಮ ಅವರು ಮಾವನನ್ನು ಸೇರಿಸಿದ್ದಾರೆ.*

ಮಾವ ಶನಿವಾರ ಸಂಜೆಯವರೆಗೆ ಒಂದಕ್ಷರ ಬರೆಯಲಿಲ್ಲ. ಪುಟ್ಟಿ ತನ್ನ ಪೆನ್ಸಿಲ್ ಚಿತ್ರ ಹಾಕಿದಳು. ಹಕ್ಕಿ ಸ್ವಲ್ಪ ದಪ್ಪಗಾಗಿತ್ತು, ಆದರೆ ಕಾಲಿನ ಎರಡು ಬೆರಳು ಅಂಟಿಕೊಂಡಿದ್ದವು. ಅರ್ಧ ಗಂಟೆಯ ಮೇಲೆ:

ಮಾವ (ಫೋಟೊ): ಆರರಲ್ಲಿ ಪ್ರತಿ ಕೂದಲೂ ತುದಿ ಕಂದು, ನಡುವೆ ಕೆನೆ ಬಣ್ಣ, ಬುಡದಲ್ಲಿ ಮತ್ತೆ ಕಂದು. ಭೂತಗನ್ನಡಿ ಹಿಡಿದು ನೋಡಿದೆ. ಈ ಒಂದರಲ್ಲಿ ಆ ಪಟ್ಟೆ ಇಲ್ಲ. ಇದು ಏನು ಹೇಳು ನೋಡೋಣ, ಬಯಾಲಜಿ ಮೇಡಂ.

ಚಿಕ್ಕಮ್ಮ: ಹತ್ತಿರದಿಂದ ಇನ್ನೊಂದು ಫೋಟೊ ಹಾಕು. ತುದಿ ಸೀಳಿದೆಯಾ? ಒರಟಾಗಿದೆಯಾ?

ಮಾವ: ಹೌದು. ಪೊರಕೆಯ ಹಾಗಿದೆ.

ಚಿಕ್ಕಮ್ಮ: ಅದು ಹಂದಿ ಕೂದಲು. ಆಯಿಲ್ ಪೇಂಟಿನ ಬ್ರಷ್.

ಅಮ್ಮ: ರಾಮ ರಾಮ. ಅಪ್ಪ ಆ ಪೆಟ್ಟಿಗೆಯನ್ನು ದೇವರ ಮನೆ ಕಪಾಟಿನಲ್ಲಿ ಇಡುತ್ತಿದ್ದರಲ್ಲ!

ಮಾವ: ಮಡಿಯಲ್ಲಿ ಹಂದಿ, ಹಿತ್ತಲಲ್ಲಿ ಮುಂಗುಸಿ. ಸರಿ ಇದೆ ನಮ್ಮ ಮನೆ. ಈ ಹಂದಿಗೂ ಕೇಸ್ ಇದೆಯಾ ಅಳಿಯಂದಿರೇ?

ಭಾವ: ಸಾಕಿದ ಹಂದಿಗೆ ಇಲ್ಲ ಮಾವ.

ಚಿಕ್ಕಮ್ಮ: ಅಣ್ಣ, ಅದನ್ನು ತಗೊಂಡು ಬಾ. ಒಣಗಿದ ಬಣ್ಣವನ್ನು ಒದ್ದೆ ಮಾಡಿ ಮೆಲ್ಲಗೆ ಉಜ್ಜಿ ಎತ್ತಲು ಅಂಥ ಒರಟು ಬ್ರಷ್ಷೇ ಬೇಕು. ಹಾಟ್ ಪ್ರೆಸ್ ಕಾಗದದಲ್ಲಿ ಬಣ್ಣ ಸುಲಭವಾಗಿ ಏಳುತ್ತದೆ. ಕೊಕ್ಕಿನ ಮೇಲಿನ ಹೊಳಪು ಹಾಗೇ ತೆಗೆಯಬಹುದು, ಬಿಳಿ ಟ್ಯೂಬ್ ಮುಟ್ಟುವುದೇ ಬೇಡ.

ಮಾವ: ಹಾಗೆ ಬಾ ದಾರಿಗೆ.

ಪುಟ್ಟಿ: ಮಾವ, ಕಣ್ಣಿನ ಚುಕ್ಕಿಗೆ ಮಾತ್ರ ಒಂದೇ ಒಂದು ಹನಿ ಬಿಳಿ?

ಮಾವ: ಚಿತ್ರ ದೊಡ್ಡದು ಮಾಡಿ ನೋಡಿದೆ. ಕಣ್ಣಿನಲ್ಲಿ ಆ ಚುಕ್ಕಿಗೆ ಜಾಗ ಬಿಟ್ಟಿದ್ದೀಯಲ್ಲ, ಇನ್ನು ಯಾಕೆ ಬಿಳಿ? ಅಲ್ಲಿ ಬ್ರಷ್ ಹೋಗದಂತೆ ನೋಡಿಕೋ, ಸಾಕು. ಉಳಿದ ಆರು ಏನು ಮಾಡಬೇಕು ಅಂತ ಲಾಯರ್ ಹತ್ತಿರ ಬೇರೆ ಮಾತಾಡುತ್ತೇನೆ, ಗುಂಪಿನಲ್ಲಿ ಬೇಡ. ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ಹೊರಡುತ್ತೇನೆ.

ಅಮ್ಮ: ತಿಂಡಿ ನಮ್ಮ ಮನೆಯಲ್ಲಿ. ಇಡ್ಲಿ. ಪುಟ್ಟಿ, ಡ್ರೈಯರ್ ಬ್ಯಾಗಿಗೆ ಹಾಕಿದ್ದೇನೆ. ವಾಪಸ್ ಬರುವಾಗ ಅದರಲ್ಲಿ ನೀಲಿ ಕಲೆ ಇದ್ದರೆ ನೋಡು.