ಹವಳದ ತೊಟ್ಟಿಗೆ ಆರ್‌ಓ ನೀರು: ಚರಂಡಿ ಸೇರುವ ಪಾಲನ್ನು ಎಷ್ಟರ ಮಟ್ಟಿಗೆ ಇಳಿಸಬಹುದು?

ಹವಳತೋಟ (ಬೆಂಗಳೂರು), ಪ್ರಶ್ನೆ:

ನಮ್ಮ ಮನೆಯಲ್ಲಿರುವುದು 200 ಲೀಟರಿನ ಸಮುದ್ರನೀರಿನ ತೊಟ್ಟಿ. ಮೃದು ಹವಳಗಳು, ಒಂದು ಜೋಡಿ ಕ್ಲೌನ್ ಮೀನು ಮತ್ತು ಕೆಲವು ಸೀಗಡಿಗಳು ಅದರಲ್ಲಿವೆ. (ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವುದರಿಂದ ಅವುಗಳ ಗೊಡವೆಗೆ ನಾನು ಹೋಗಿಲ್ಲ.) ವಾರಕ್ಕೊಮ್ಮೆ 20 ಲೀಟರ್ ನೀರನ್ನು ಬದಲಿಸುತ್ತೇನೆ. ಇದಲ್ಲದೆ ದಿನವೂ ಆವಿಯಾಗಿ ಹೋಗುವ ಸುಮಾರು 3 ಲೀಟರಿನಷ್ಟನ್ನು ಸಿಹಿನೀರಿನಿಂದ ತುಂಬಿಸಬೇಕಾಗುತ್ತದೆ. ಒಟ್ಟಿನಲ್ಲಿ ವಾರಕ್ಕೆ 41 ಲೀಟರ್ ಶುದ್ಧ ನೀರು ಬೇಕು.

ಈಗಿರುವ ಆರ್‌ಓ (ರಿವರ್ಸ್ ಆಸ್ಮೋಸಿಸ್: ನೀರನ್ನು ಒತ್ತಡದಿಂದ ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಲವಣಗಳನ್ನು ಬೇರ್ಪಡಿಸುವ) ಘಟಕ ಒಂದು ಲೀಟರ್ ಶುದ್ಧ ನೀರು ಕೊಡಲು ಮೂರು ಲೀಟರನ್ನು ಹೊರಹಾಕುತ್ತದೆ, ಅಂದರೆ ವಾರಕ್ಕೆ 123 ಲೀಟರ್ ಚರಂಡಿ ಸೇರುತ್ತಿದೆ. ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಕೇಂದ್ರ ಸರ್ಕಾರದ ನೀರು ಪೂರೈಕೆ ಕೈಪಿಡಿ ಗೊತ್ತುಮಾಡಿರುವಾಗ, ಒಬ್ಬರ ಒಂದು ದಿನದ ಪಾಲನ್ನು ಹವ್ಯಾಸಕ್ಕಾಗಿ ವಾರವಾರವೂ ಸುರಿಯುವುದು ನನಗೆ ಸರಿಕಾಣುತ್ತಿಲ್ಲ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆಯುವವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಗೊತ್ತುಮಾಡಿದಂದಿನಿಂದ ಮನೆಯವರೂ ಇದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾವೇರಿ ನೀರಿನ ಜೊತೆ ಕೊಳವೆಬಾವಿಯ ನೀರೂ ಬೆರೆಯುತ್ತದೆ. ಸಂಪಿನ ಬಳಿ ಎಲ್ಲರಿಗೂ ಸೇರಿ ಒಂದು ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯುವ ಯಂತ್ರ) ಇದೆ. ನಲ್ಲಿಯಲ್ಲಿ ಟಿಡಿಎಸ್ (ಲೀಟರ್ ನೀರಿನಲ್ಲಿ ಕರಗಿರುವ ಒಟ್ಟು ಲವಣ, ಮಿಲಿಗ್ರಾಂಗಳಲ್ಲಿ) 400ರ ಆಸುಪಾಸಿನಲ್ಲಿರುತ್ತದೆ. ಆರ್‌ಓ ಬಿಟ್ಟು ಡಿಐ ರೆಸಿನ್ (ಕರಗಿದ ಅಯಾನುಗಳನ್ನು ಹೀರಿಕೊಳ್ಳುವ ಮಣಿಗಳು) ಒಂದನ್ನೇ ಬಳಸುವುದು, ಬಟ್ಟಿ ಇಳಿಸುವುದು, ಅಡುಗೆಮನೆಯ ಶುದ್ಧೀಕರಣ ಯಂತ್ರದ ನೀರನ್ನೇ ಹಾಕುವುದು, ಎರಡನೆಯ ಮೆಂಬ್ರೇನ್ ಜೋಡಿಸುವುದು, ಇವುಗಳಲ್ಲಿ ಯಾವುದು ಸೂಕ್ತ?

ರೆಸಿನ್‌ರಾಯ (ಮೈಸೂರು):

ಅಡುಗೆಮನೆಯ ಯಂತ್ರವನ್ನು ಮೊದಲು ಪಟ್ಟಿಯಿಂದ ತೆಗೆದುಬಿಡಿ. ಅದರೊಳಗೂ ಆರ್‌ಓ ಮೆಂಬ್ರೇನ್ ಇರುತ್ತದೆಂಬುದು ನಿಜವಾದರೂ, ರುಚಿಗಾಗಿ ಹಲವು ಮಾದರಿಗಳು ಮೆಂಬ್ರೇನ್ ದಾಟದ ನೀರನ್ನು ಒಂದಿಷ್ಟು ಬೆರೆಸುತ್ತವೆ, ಕೆಲವು ಖನಿಜಗಳನ್ನು ಮರಳಿ ಸೇರಿಸುತ್ತವೆ, ಇನ್ನು ಕೆಲವು ತಾಮ್ರ ಸೇರಿಸುವುದನ್ನೇ ಹೆಗ್ಗಳಿಕೆಯಾಗಿ ಜಾಹೀರಾತು ಮಾಡುತ್ತವೆ. ನಮಗೆ ಹಿತವಾದ ತಾಮ್ರ ಸೀಗಡಿಗಳಿಗೂ ಹವಳಗಳಿಗೂ ಅತ್ಯಲ್ಪ ಪ್ರಮಾಣದಲ್ಲಿಯೇ ವಿಷ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟನ್ನೂ, ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂ ತಾಮ್ರವನ್ನೂ ಒಪ್ಪುತ್ತದೆ. ನೈಟ್ರೇಟನ್ನು 10ರೊಳಗೆ ಇಡಲು ಹೆಣಗುವ ನಮ್ಮಂಥವರಿಗೆ ಆ ಮಾನಕದಿಂದ ಯಾವ ರಕ್ಷಣೆಯೂ ಸಿಗುವುದಿಲ್ಲ. ಇದಕ್ಕಿಂತ ಮುಖ್ಯವಾಗಿ, ತೊಟ್ಟಿಯಿಂದ ಆವಿಯಾಗುವುದು ಬರಿಯ ನೀರು. ನೀವು ದಿನವೂ ಸುರಿಯುವ 3 ಲೀಟರಿನಲ್ಲಿ ಏನೇನು ಕರಗಿದೆಯೋ ಅದೆಲ್ಲ ಅಲ್ಲಿಯೇ ಉಳಿದು ಬೆಳೆಯುತ್ತ ಹೋಗುತ್ತದೆ.

ಬಟ್ಟಿ ಇಳಿಸುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೋಣೆಯ ಉಷ್ಣತೆಯಲ್ಲಿರುವ ಒಂದು ಲೀಟರ್ ನೀರನ್ನು ಕುದಿಸಿ ಪೂರ್ತಿ ಆವಿಯಾಗಿಸಲು ಸುಮಾರು 0.7 ಯೂನಿಟ್ ವಿದ್ಯುತ್ ಬೇಕು. 41 ಲೀಟರಿಗೆ ವಾರಕ್ಕೆ 29 ಯೂನಿಟ್ ಆಯಿತು. ನೀರು ಉಳಿಸಲು ಹೋಗಿ ಇಷ್ಟು ಕರೆಂಟು ಸುಡುವುದು ನನ್ನ ದೃಷ್ಟಿಯಲ್ಲಿ ಉಳಿತಾಯವೇ ಅಲ್ಲ.

ಡಿಐ ಮಾತ್ರ ಬಳಸುವ ಆಲೋಚನೆ ಮೇಲ್ನೋಟಕ್ಕೆ ಆಕರ್ಷಕವಾದದ್ದು, ಏಕೆಂದರೆ ಅದರಲ್ಲಿ ಒಂದು ಹನಿಯೂ ಚರಂಡಿಗೆ ಹೋಗುವುದಿಲ್ಲ. ಆದರೆ ಮಿಶ್ರ ರೆಸಿನ್ನಿನ ಒಂದು ಲೀಟರ್ ಹೀರಿಕೊಳ್ಳಬಲ್ಲದ್ದು, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಸುಮಾರು 27 ಗ್ರಾಂ ಮಾತ್ರ. ನಿಮ್ಮ 400ರ ನೀರಿಗೆ ಅದು 70 ಲೀಟರಿನ ಆಸುಪಾಸಿನಲ್ಲಿಯೇ ಸೋತುಹೋಗುತ್ತದೆ, ಅಂದರೆ ಎರಡು ವಾರವೂ ಬಾರದು. ಅದೇ ರೆಸಿನ್ನಿನ ಮುಂದೆ ಶೇಕಡಾ 98ರಷ್ಟನ್ನು ತಡೆಯುವ ಆರ್‌ಓ ಮೆಂಬ್ರೇನ್ ಇದ್ದರೆ ಒಳಬರುವ ನೀರಿನ ಟಿಡಿಎಸ್ 8ಕ್ಕೆ ಇಳಿಯುತ್ತದೆ ಮತ್ತು ಕಾಗದದ ಮೇಲೆ 3,000 ಲೀಟರಿಗೂ ಹೆಚ್ಚು ನೀರು ಸಿಗುತ್ತದೆ. ಸವೆದ ರೆಸಿನ್ನನ್ನು ಮನೆಯಲ್ಲಿ ಮರಳಿ ಸಜ್ಜುಗೊಳಿಸಲು ಹೈಡ್ರೋಕ್ಲೋರಿಕ್ ಆಮ್ಲವೂ ಕಾಸ್ಟಿಕ್ ಸೋಡಾವೂ ಬೇಕು. ಮಕ್ಕಳಿರುವ ಮನೆಯಲ್ಲಿ ಆ ಕೆಲಸಕ್ಕೆ ಕೈಹಾಕಬೇಡಿರೆಂದೇ ಹೇಳುತ್ತೇನೆ. ಸವೆದದ್ದನ್ನು ಎಸೆದರೆ ಅದು ಪ್ಲಾಸ್ಟಿಕ್ ಮಣಿಗಳ ಕಸ. ನೀರಿನ ತ್ಯಾಜ್ಯವನ್ನು ಘನ ತ್ಯಾಜ್ಯವಾಗಿ ಬದಲಿಸಿದ್ದಷ್ಟೇ ಆಯಿತು.

'ಕಾಗದದ ಮೇಲೆ' ಎಂದದ್ದಕ್ಕೆ ಕಾರಣವಿದೆ. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಮೆಂಬ್ರೇನ್ ತಡೆಯುವುದಿಲ್ಲ. ಕೊಳವೆಬಾವಿಯ ನೀರಿನಲ್ಲಿ ಅದು ಹೆಚ್ಚಾಗಿರುತ್ತದೆ ಮತ್ತು ಟಿಡಿಎಸ್ ಮೀಟರಿಗೆ ಕಾಣಿಸಿಕೊಳ್ಳದೆಯೇ ರೆಸಿನ್ನಿನ ಆನಯಾನ್ (ಋಣ ಅಯಾನುಗಳನ್ನು ಹಿಡಿಯುವ) ಪಾಲನ್ನು ತಿಂದುಹಾಕುತ್ತದೆ. ಆರ್‌ಓ ನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದು, ರಾತ್ರಿಯಿಡೀ ಗಾಳಿಗುಳ್ಳೆ ಎಬ್ಬಿಸುವ ಏರ್‌ಸ್ಟೋನ್ ಹಾಕಿ, ಆಮೇಲೆ ಸಣ್ಣ ಪಂಪಿನಿಂದ ಡಿಐ ಮೂಲಕ ಹಾಯಿಸಿದರೆ ರೆಸಿನ್ ಗಮನಾರ್ಹವಾಗಿ ಹೆಚ್ಚು ಕಾಲ ಬರುತ್ತದೆ. ಸಿಲಿಕೇಟ್ ಕೂಡ ಆ ಮೀಟರಿಗೆ ಸರಿಯಾಗಿ ಕಾಣದು, ರೆಸಿನ್ ದುರ್ಬಲವಾದಾಗ ಮೊದಲು ನುಸುಳುವುದೂ ಅದೇ. ಮೀಟರು ಸೊನ್ನೆ ತೋರಿಸುತ್ತಿದ್ದರೂ ಗಾಜಿನ ಮೇಲೆ ಕಂದು ಡಯಾಟಮ್ (ಸಿಲಿಕೇಟ್ ಬಳಸಿ ಬೆಳೆಯುವ ಸೂಕ್ಷ್ಮ ಪಾಚಿ) ಪದರ ಮತ್ತೆ ಮತ್ತೆ ಕೂರುತ್ತಿದ್ದರೆ ರೆಸಿನ್ನನ್ನು ಅನುಮಾನಿಸಿ.

ಬೇ ಏರಿಯಾ ಕನ್ನಡಿಗ:

ಎರಡನೆಯ ಮೆಂಬ್ರೇನ್ ಜೋಡಿಸಿರೆಂಬುದು ನನ್ನ ಸಲಹೆ. ಮೊದಲನೆಯದರ ಹೊರಹರಿವನ್ನೇ ಎರಡನೆಯದಕ್ಕೆ ಉಣಿಸಿ, ಕೊನೆಯಲ್ಲಿರುವ ಫ್ಲೋ ರಿಸ್ಟ್ರಿಕ್ಟರನ್ನು (ಹೊರಹರಿವನ್ನು ಮಿತಗೊಳಿಸುವ ಬಿಡಿಭಾಗ) ಮೊದಲಿದ್ದಂತೆಯೇ ಬಿಟ್ಟರೆ, ಹೊರಹೋಗುವ ನೀರು ಅಷ್ಟೇ ಇದ್ದು ಶುದ್ಧ ನೀರು ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. 1:3 ಇದ್ದದ್ದು 1:1.5ಕ್ಕೆ ಇಳಿಯುತ್ತದೆ, ನಿಮ್ಮ 123 ಲೀಟರ್ ಸುಮಾರು 62 ಆಗುತ್ತದೆ. ಒಂದೇ ಮೆಂಬ್ರೇನಿನ ರಿಸ್ಟ್ರಿಕ್ಟರನ್ನು ಬಿಗಿಗೊಳಿಸಿ ಅನುಪಾತ ಇಳಿಸುವುದಕ್ಕಿಂತ ಇದು ಮೇಲು, ಏಕೆಂದರೆ ಮೆಂಬ್ರೇನಿನ ಮೇಲ್ಮೈಯನ್ನು ತೊಳೆದುಕೊಂಡು ಹೋಗುವ ಹರಿವು ಇದರಲ್ಲಿ ತೀರ ಕುಂಠಿತವಾಗುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಲ್ಲಿನ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಬರುವ ನೀರಿನ ಬಹುಪಾಲು ಹೆಚ್ ಹೆಚ್ಚಿ ಜಲಾಶಯದ್ದು. ಸಿಯೆರಾ ನೆವಾಡದ ಹಿಮ ಕರಗಿ ಬಂದ ಆ ನೀರಿನಲ್ಲಿ ಗಡಸುತನವೆಂಬುದು ಹೆಸರಿಗಷ್ಟೇ ಇದೆ. ಅಮೆರಿಕದ ಹವ್ಯಾಸಿಗಳು ವಿಡಿಯೋಗಳಲ್ಲಿ ಸಲೀಸಾಗಿ 1:1 ತೋರಿಸುವುದರ ಹಿಂದೆ ಎಷ್ಟೋ ಸಲ ಇಂಥ ನೀರಿರುತ್ತದೆ. ನಮ್ಮಲ್ಲಿ ತಲೆನೋವು ಬೇರೆ: 2004ರಿಂದ ಇಲ್ಲಿ ಕ್ಲೋರಿನ್ ಬದಲು ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ಸೋಂಕುನಿವಾರಕ) ಬಳಸುತ್ತಾರೆ. ಕಾರ್ಬನ್ ಫಿಲ್ಟರ್ ಅದನ್ನು ಒಡೆದಾಗ ಉಳಿಯುವ ಅಮೋನಿಯಾವನ್ನು ಹಿಡಿಯಲು ಡಿಐ ಇಲ್ಲದೆ ಆಗದು.

ರೆಸಿನ್‌ರಾಯ:

ಮೇಲಿನ ಎಚ್ಚರಿಕೆಯನ್ನೇ ಮುಂದುವರಿಸುತ್ತೇನೆ. ಬಯಲುಸೀಮೆಯ ಗಡಸು ಕೊಳವೆಬಾವಿ ನೀರನ್ನು ನೇರವಾಗಿ ಎರಡು ಮೆಂಬ್ರೇನಿಗೆ ಉಣಿಸಿದರೆ, ಎರಡನೆಯದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಕೂತು ಅದು ಬೇಗನೆ ಕಟ್ಟಿಕೊಳ್ಳುತ್ತದೆ. ಆದರೆ ಪ್ರಶ್ನೆ ಕೇಳಿದವರ ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಇದೆಯೆಂಬ ವಿವರವನ್ನು ಯಾರೂ ಗಮನಿಸಿದಂತಿಲ್ಲ. ಸಾಫ್ಟ್‌ನರ್ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಜಾಗದಲ್ಲಿ ಸೋಡಿಯಂ ಇರಿಸುತ್ತದೆ. ಅದರಿಂದ ಟಿಡಿಎಸ್ ಇಳಿಯುವುದಿಲ್ಲವಾದರೂ ಸುಣ್ಣ ಕಟ್ಟುವ ಭಯ ಹೋಗುತ್ತದೆ. ಆದ್ದರಿಂದ ನಿಮಗೆ ಎರಡನೆಯ ಮೆಂಬ್ರೇನ್ ಸಲ್ಲುತ್ತದೆ, ಸಾಫ್ಟ್‌ನರಿಗೆ ಉಪ್ಪು ಹಾಕುವುದನ್ನು ನಿರ್ವಾಹಕರು ಮರೆಯದಿರುವವರೆಗೆ. ಅಗ್ಗದ ಗಡಸುತನ ಪರೀಕ್ಷಾ ಕಿಟ್ ಒಂದನ್ನು ಇಟ್ಟುಕೊಂಡು ಆಗಾಗ ನೋಡುತ್ತಿರಿ.

ಒತ್ತಡದ ವಿಚಾರವನ್ನೂ ಕಡೆಗಣಿಸಬೇಡಿ. ಮಹಡಿಯ ಟ್ಯಾಂಕಿನಿಂದ 10 ಮೀಟರ್ ಕೆಳಗಿರುವ ನಲ್ಲಿಯಲ್ಲಿ ಸಿಗುವುದು ಸುಮಾರು 14 ಪಿಎಸ್‌ಐ, ಮೆಂಬ್ರೇನಿಗೆ ಬೇಕಾದದ್ದು 50ರಿಂದ 60. ಬೂಸ್ಟರ್ ಪಂಪ್ ಇಲ್ಲದಿದ್ದರೆ ಅಥವಾ ಸೊರಗಿದ್ದರೆ ಅನುಪಾತವೂ ಕೆಡುತ್ತದೆ, ನೀರಿನ ಗುಣವೂ ಕೆಡುತ್ತದೆ. ಹಾಗೆಯೇ ದಿನಕ್ಕೆ ಮೂರು ಲೀಟರಿನಂತೆ ಬಿಡಿಬಿಡಿಯಾಗಿ ತಯಾರಿಸದೆ ವಾರದ 41 ಲೀಟರನ್ನೂ ಒಂದೇ ಸಲ ತೆಗೆದಿಡಿ. ನಿಂತಿದ್ದ ಮೆಂಬ್ರೇನ್ ಪ್ರತಿಸಲ ಶುರುವಾದಾಗಲೂ ಮೊದಲ ಕೆಲವು ನಿಮಿಷ ಹೆಚ್ಚು ಲವಣದ ನೀರನ್ನು ಕೊಡುತ್ತದೆ. ಅಷ್ಟನ್ನು ಡಿಐಗೆ ಬಿಡದೆ ಪಾತ್ರೆ ತೊಳೆಯಲು ಹಿಡಿದುಕೊಳ್ಳಿ.

ಕಡಲತಡಿ (ಮಂಗಳೂರು):

ಕಡಲ ಪಕ್ಕದಲ್ಲಿರುವವರಿಗೆ ಈ ಚಿಂತೆಯಿಲ್ಲವೆಂದು ಹಲವರು ಭಾವಿಸುತ್ತಾರೆ, ಅದು ಸರಿಯಲ್ಲ. ನೀರು ಬದಲಿಸಲು ಸಮುದ್ರದ ನೀರನ್ನು ತರಬಹುದು, ಅದೂ ಮಳೆಗಾಲದಲ್ಲಿ ಸಾಧ್ಯವಿಲ್ಲ. ನೇತ್ರಾವತಿ ಮತ್ತು ಗುರುಪುರ ನದಿಗಳು ತುಂಬಿ ಹರಿಯುವಾಗ ದಡದ ನೀರು ಕೆಸರಾಗಿ, ಲವಣಾಂಶ ಕುಸಿದಿರುತ್ತದೆ. ಆವಿಯಾದದ್ದನ್ನು ತುಂಬಲಂತೂ ವರ್ಷವಿಡೀ ಸಿಹಿನೀರೇ ಬೇಕು. ನಿಮ್ಮ ಲೆಕ್ಕದಲ್ಲಿಯೂ 41ರಲ್ಲಿ 21 ಲೀಟರ್ ಅದಕ್ಕೇ ಹೋಗುತ್ತಿದೆ. ತೊಟ್ಟಿಗೆ ಗಾಜಿನ ಮುಚ್ಚಳವನ್ನು ಭಾಗಶಃ ಹಾಕಿ, ತೊಟ್ಟಿಯನ್ನು ತಂಪಾಗಿಡುವ ಫ್ಯಾನ್ ಓಡುವ ಹೊತ್ತನ್ನು ಕಡಿಮೆ ಮಾಡಿದರೆ ಶುದ್ಧ ನೀರಿನ ಬೇಡಿಕೆಯೇ ಇಳಿಯುತ್ತದೆ. ಬೇಸಿಗೆಯ ಸೆಕೆಯಲ್ಲಿ ನಮಗೆ ಈ ಸೌಕರ್ಯವಿಲ್ಲ, ಬೆಂಗಳೂರಿನವರಿಗೆ ಬಹುತೇಕ ತಿಂಗಳು ಇದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಮಳೆನೀರನ್ನೇ ಆರ್‌ಓಗೆ ಉಣಿಸುತ್ತೇನೆ. ಅದರ ಟಿಡಿಎಸ್ ಬಹಳ ಕಡಿಮೆಯಿರುವುದರಿಂದ ಅನುಪಾತವನ್ನು ಧೈರ್ಯವಾಗಿ ಇಳಿಸಬಹುದು, ರೆಸಿನ್ ಸವೆಯುವುದೂ ನಿಧಾನ. ಮಳೆನೀರನ್ನು ನೇರವಾಗಿ ತೊಟ್ಟಿಗೆ ಹಾಕುವುದನ್ನು ಮಾತ್ರ ಒಪ್ಪುವುದಿಲ್ಲ. ಜಿಂಕ್ ತಗಡಿನ ಮಾಡು, ತಾರಸಿಗೆ ಬಳಿದ ವಾಟರ್‌ಪ್ರೂಫಿಂಗ್, ಹಕ್ಕಿಯ ಹಿಕ್ಕೆ, ಇವೆಲ್ಲವುಗಳ ಅಂಶ ಅದರಲ್ಲಿ ಇರಬಹುದು. ಮೊದಲ ಮಳೆಯನ್ನು ಹೊರಗೆ ಬಿಟ್ಟು ಆಮೇಲಿನದನ್ನು ಹಿಡಿಯಬೇಕು. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಳಸಬಹುದೇ ಎಂದು ಕೇಳುವವರಿಗೂ ಉತ್ತರ ಹೀಗೆಯೇ: ಅದು ತಾಮ್ರದ ಕೊಳವೆಗಳ ಮೇಲಿಂದ ಇಳಿದು ಬಂದದ್ದು, ಬೇಡ.

ಹವಳತೋಟ:

ಎಲ್ಲರಿಗೂ ಧನ್ಯವಾದಗಳು. ಎರಡನೆಯ ಮೆಂಬ್ರೇನ್ ಹಾಕಿಸಲು ನಿರ್ಧರಿಸಿದ್ದೇನೆ. ಉಳಿಯುವ 62 ಲೀಟರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಬಟ್ಟೆ ಒಗೆಯಲು, ಬಾಲ್ಕನಿಯ ಗಿಡಗಳಿಗೆ ಬಳಸಬಹುದೇ? ತೊಟ್ಟಿಯಿಂದ ತೆಗೆದ ಹಳೆಯ ಉಪ್ಪುನೀರನ್ನು ಚರಂಡಿಗೆ ಬಿಟ್ಟರೆ ನಮ್ಮ ಎಸ್‌ಟಿಪಿಗೆ (ಕೊಳಚೆನೀರು ಶುದ್ಧೀಕರಣ ಘಟಕ) ತೊಂದರೆಯಾಗುವುದೇ?

ರೆಸಿನ್‌ರಾಯ:

ಅನುಪಾತ ಇಳಿದಷ್ಟೂ ಹೊರಬರುವ ನೀರು ಉಪ್ಪಾಗುತ್ತದೆ. 1:3ರಲ್ಲಿ ನಿಮ್ಮ 400ರ ನೀರು 530ರ ಆಸುಪಾಸಿನಲ್ಲಿ ಹೊರಬರುತ್ತಿತ್ತು, 1:1.5ರಲ್ಲಿ ಅದು 660 ದಾಟಬಹುದು. ನೆಲ ಒರೆಸಲು, ಶೌಚಾಲಯಕ್ಕೆ, ಬಟ್ಟೆಯ ಮೊದಲ ಸುತ್ತಿಗೆ ಏನೂ ತೊಂದರೆಯಿಲ್ಲ. ಗಿಡಗಳಿಗೆ ಬೇಡವೆನ್ನುತ್ತೇನೆ. ಸಾಫ್ಟ್‌ನರ್ ದಾಟಿ ಬಂದ ನೀರಾದ್ದರಿಂದ ಅದರಲ್ಲಿರುವುದು ಹೆಚ್ಚಾಗಿ ಸೋಡಿಯಂ, ಕುಂಡದ ಮಣ್ಣನ್ನು ಅದು ಕ್ರಮೇಣ ಕೆಡಿಸುತ್ತದೆ. ಸಾಫ್ಟ್‌ನರ್ ಇಲ್ಲದ ಮನೆಯವರು 1:3ರ ನೀರನ್ನು ಉಪ್ಪು ತಾಳುವ ಗಿಡಗಳಿಗೆ ಹಾಕಬಹುದು. ಹಾಗೆ ನೋಡಿದರೆ, ಹೊರಬಂದ ನೀರು ಪೂರ್ತಿ ಮರುಬಳಕೆಯಾಗುವ ಮನೆಯಲ್ಲಿ 1:3 ಅನುಪಾತವೇ ಒಳ್ಳೆಯದು, ಮೆಂಬ್ರೇನಿನ ಬಾಳಿಕೆಯೂ ಹೆಚ್ಚು. 123 ಲೀಟರಿಗೂ ನಿಮ್ಮ ಮನೆಯಲ್ಲಿ ಕೆಲಸವಿದೆಯೇ ಎಂಬುದನ್ನು ಎರಡನೆಯದನ್ನು ಕೊಳ್ಳುವ ಮುನ್ನ ಲೆಕ್ಕ ಹಾಕಿ. ಇನ್ನೊಂದು ವಿಷಯ: ಮೆಂಬ್ರೇನನ್ನು ಉಳಿಸಲು ಮುಂಚೆಯೇ ಕಾರ್ಬನ್ ಬ್ಲಾಕ್ ಕ್ಲೋರಿನ್ನನ್ನು ತೆಗೆದುಬಿಟ್ಟಿರುವುದರಿಂದ ಈ ನೀರು ಡ್ರಮ್ಮಿನಲ್ಲಿ ಬೇಗ ಪಾಚಿ ಹಿಡಿಯುತ್ತದೆ, ವಾಸನೆ ಬರುತ್ತದೆ. ಮುಚ್ಚಿಟ್ಟು ಒಂದೆರಡು ದಿನಗಳಲ್ಲಿ ಬಳಸಿಬಿಡಿ.

ಹಳೆಯ ಉಪ್ಪುನೀರು ವಾರಕ್ಕೆ 20 ಲೀಟರ್, ಲೀಟರಿಗೆ 35 ಗ್ರಾಮಿನಂತೆ 700 ಗ್ರಾಂ ಉಪ್ಪು. ಎಸ್‌ಟಿಪಿ ಕರಗಿದ ಉಪ್ಪನ್ನು ತೆಗೆಯುವುದಿಲ್ಲ, ಅದು ಹಾಗೆಯೇ ದಾಟಿ ನಿಮ್ಮ ಉದ್ಯಾನದ ನೀರಿಗೆ ಬರುತ್ತದೆ. ಆದರೂ ದಿನಕ್ಕೆ ಒಂದು ಲಕ್ಷ ಲೀಟರ್ ಹಾಯುವ ಎಸ್‌ಟಿಪಿಯಲ್ಲಿ ಅದರಿಂದ ಏರುವುದು ಲೀಟರಿಗೆ ಒಂದು ಮಿಲಿಗ್ರಾಂ ಮಾತ್ರ. ನಿಮ್ಮ ಸಾಫ್ಟ್‌ನರ್ ತೊಳೆಯುವಾಗ ಹೋಗುವ ಉಪ್ಪು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನದು. ನಿಶ್ಚಿಂತೆಯಿಂದ ಶೌಚಾಲಯಕ್ಕೆ ಸುರಿಯಿರಿ, ಮಳೆನೀರಿನ ಇಂಗುಗುಂಡಿಗೆ ಹೋಗುವ ಮೋರಿಗೆ ಮಾತ್ರ ಬಿಡಬೇಡಿ.