2024ರ ಪಾಪ್, ರಾಕ್ ಆಲ್ಬಂಗಳಲ್ಲಿ ಒಂದೂ ಹಾಡು ಹಾರಿಸದೆ ಕೇಳುವಂಥವು ಯಾವುವು?

ಸೈಡ್‌ಬಿ:
2024ರಲ್ಲಿ ಬಂದ ಪಾಪ್, ರಾಕ್ ಆಲ್ಬಂಗಳಲ್ಲಿ ನಿಮಗೆ ತುಂಬಾ ಹಿಡಿಸಿದ್ದು ಯಾವುದು? ಒಂದೇ ಷರತ್ತು. ಒಂದು ಹಾಡು ಹಿಟ್ ಆಯ್ತು ಅಂತ ಇಡೀ ಆಲ್ಬಂ ಹೆಸರು ಹೇಳಬೇಡಿ. ಶುರುವಿಂದ ಕೊನೆವರೆಗೆ ಕೂತು ಕೇಳಿದ್ದನ್ನೇ ಹೇಳಿ.

ನನಗೆ ಎಲ್ಲಕ್ಕಿಂತ ಮೇಲೆ ದಿ ಕ್ಯೂರ್ ಬ್ಯಾಂಡಿನ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’. 2008ರ ನಂತರ, 16 ವರ್ಷ ಕಾಯಿಸಿ ಕೊಟ್ಟ ಆಲ್ಬಂ, ಅದೂ ಎಂಟೇ ಹಾಡು. ಮೊದಲ ಹಾಡು ‘ಅಲೋನ್’ನಲ್ಲಿ ಮೂರು ನಿಮಿಷಕ್ಕೂ ಜಾಸ್ತಿ ಹೊತ್ತು ಬರೀ ವಾದ್ಯಗಳೇ. ಅವಸರವಿಲ್ಲದ ಡ್ರಮ್ಸ್, ಅದರ ಮೇಲೆ ಪದರ ಪದರವಾಗಿ ಕೀಬೋರ್ಡ್, ಇನ್ನು ಹಾಡೋದೇ ಇಲ್ವೇನೋ ಅನ್ನುವಾಗ ರಾಬರ್ಟ್ ಸ್ಮಿತ್ ದನಿ ಬರುತ್ತದೆ. 65 ವರ್ಷದ ಮನುಷ್ಯನ ದನಿ ಅಂದರೆ ನಂಬೋದು ಕಷ್ಟ. ಕೊನೆಯ ‘ಎಂಡ್‌ಸಾಂಗ್’ನಲ್ಲಂತೂ ಆರು ನಿಮಿಷ ಕಾಯಬೇಕು.

ಎರಡನೆಯದು ಬಿಲ್ಲಿ ಐಲಿಶ್ ಅವರ ‘ಹಿಟ್ ಮಿ ಹಾರ್ಡ್ ಆ್ಯಂಡ್ ಸಾಫ್ಟ್’. ಹತ್ತು ಹಾಡು, 44 ನಿಮಿಷ. ಮುಂಚೆ ಒಂದು ಸಿಂಗಲ್ ಕೂಡ ಬಿಡದೆ ಇಡೀ ಆಲ್ಬಂ ಒಟ್ಟಿಗೆ ಬಿಟ್ಟರು. ಅದರಲ್ಲಿ ‘ಲಾಮೂರ್ ದ ಮಾ ವೀ’ ಅಂತ ಒಂದು ಹಾಡಿದೆ. ಮೊದಲು ಮೆಲ್ಲಗೆ, ಆರಾಮಾಗಿ ಹೋಗುತ್ತಿರುತ್ತದೆ, ನಡುವೆ ಇದ್ದಕ್ಕಿದ್ದಂತೆ ಡ್ಯಾನ್ಸ್ ಬೀಟ್‌ಗೆ ತಿರುಗಿಬಿಡುತ್ತದೆ. ರೀಲ್ಸ್‌ನಲ್ಲಿ ತುಂಡು ಕೇಳಿದವರಿಗೆ ಆ ತಿರುವು ಸಿಗೋದೇ ಇಲ್ಲ.

ಹೆಡ್‌ಫೋನ್_ಹುಚ್ಚ:
ಪಟ್ಟಿ ಚೆನ್ನಾಗಿದೆ. ಆದರೆ ‘ಬ್ರ್ಯಾಟ್’ ಎಲ್ಲಿ ಗುರುವೇ? ಚಾರ್ಲಿ ಎಕ್ಸ್‌ಸಿಎಕ್ಸ್ ಅವರ ಈ ಆಲ್ಬಂ ಅಂದರೆ ಆ ಕಣ್ಣು ಕುಕ್ಕುವ ಹಸಿರು ಕವರು, ಪಾರ್ಟಿ ಹಾಡು, ಅಷ್ಟೇ ಅಂದುಕೊಂಡು ಬಿಟ್ಟವರು ಬಹಳ ಜನ. ಕುಣಿತದ ನಡುವೆಯೇ ‘ಸೋ ಐ’ ಬರುತ್ತದೆ, 2021ರಲ್ಲಿ ತೀರಿಕೊಂಡ ಸಂಗೀತಗಾರ್ತಿ ಸೋಫಿಯನ್ನು ನೆನೆದು ಹಾಡಿದ್ದು. ಗೆಳತಿ ಬದುಕಿದ್ದಾಗ ಇನ್ನಷ್ಟು ಹತ್ತಿರ ಆಗಬಹುದಿತ್ತಲ್ಲ ಅನ್ನೋ ಕೊರಗು ಅದರಲ್ಲಿದೆ. ಅದಾದ ಮೇಲೆ ಮತ್ತೆ ಕುಣಿತ. ಹಾಡುಗಳ ಈ ಸಾಲು ಸುಮ್ನೆ ಜೋಡಿಸಿದ್ದಲ್ಲ.

ಇನ್ನೊಂದು ಮಜಾ. ಇನ್ನೊಬ್ಬ ಗಾಯಕಿಯ ಜೊತೆಗಿನ ಮುಜುಗರದ ಬಗ್ಗೆ ಇದರಲ್ಲೊಂದು ಹಾಡಿತ್ತು. ಅದು ಯಾರ ಬಗ್ಗೆ ಅಂತ ಎಲ್ಲರೂ ತಲೆ ಕೆಡಿಸಿಕೊಂಡಿರುವಾಗ, ನ್ಯೂಜಿಲೆಂಡಿನ ಗಾಯಕಿ ಲಾರ್ಡ್ ತಾನೇ ಬಂದು ಅದೇ ಹಾಡಿನ ರೀಮಿಕ್ಸ್‌ನಲ್ಲಿ ತನ್ನ ಕಡೆಯ ಮಾತು ಹಾಡಿ ಹೋದಳು. ಜಗಳವನ್ನು ಹೀಗೂ ಮುಗಿಸಬಹುದು ನೋಡಿ.

ರಿಫ್‌ರಾಯ:
ರಾಕ್ ಅಂದರೆ ನನಗೆ ಜ್ಯಾಕ್ ವೈಟ್ ಅವರ ‘ನೋ ನೇಮ್’. ಜುಲೈ 19ರಂದು ಅವರದೇ ಥರ್ಡ್ ಮ್ಯಾನ್ ರೆಕಾರ್ಡ್ ಅಂಗಡಿಗಳಿಗೆ ಬಂದ ಗಿರಾಕಿಗಳ ಚೀಲಕ್ಕೆ, ಹೆಸರೂ ಇಲ್ಲದ ಒಂದು ವಿನೈಲ್ ರೆಕಾರ್ಡನ್ನು ಪುಕ್ಕಟೆ ಹಾಕಿ ಕಳಿಸಿದರು. ಹಂಚಿಕೊಳ್ಳಿ ಅಂತ ಕಂಪನಿಯವರೇ ಹೇಳಿದರು. ಎಲ್ಲಾ ಕಡೆ ಬಿಡುಗಡೆ ಆಗಿದ್ದು ಆಮೇಲೆ. ಗಿಮಿಕ್ ಅನ್ನಿ, ಪರವಾಗಿಲ್ಲ. ಗಿಟಾರ್ ಮಾತ್ರ ಹೊಸದಾಗಿ ಬ್ಯಾಂಡ್ ಕಟ್ಟಿದ ಹುಡುಗರ ಥರ ಕಿರುಚುತ್ತದೆ.

ಫಾಂಟೈನ್ಸ್ ಡಿ.ಸಿ. ಬ್ಯಾಂಡಿನ ‘ರೊಮ್ಯಾನ್ಸ್’ ಕೂಡ ಸೇರಿಸಿ. ‘ಸ್ಟಾರ್‌ಬರ್ಸ್ಟರ್’ ಹಾಡಿನಲ್ಲಿ ಸಾಲು ಸಾಲಿನ ನಡುವೆ ಗಾಯಕ ಜೋರಾಗಿ ಉಸಿರು ಎಳೆದುಕೊಳ್ಳುತ್ತಾನಲ್ಲ, ಪ್ಯಾನಿಕ್ ಅಟ್ಯಾಕ್‌ನಿಂದ ಹುಟ್ಟಿದ ಹಾಡು ಅದು. ಆ ಉಸಿರೇ ಅದರ ತಾಳ.

ನಿಧಾನವಾಗಿ_ಕೇಳುವವಳು:
ನನ್ನ ತಕರಾರು ಉದ್ದದ ಬಗ್ಗೆ. ಟೇಲರ್ ಸ್ವಿಫ್ಟ್ ಅವರ ‘ದಿ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್’ 16 ಹಾಡಿತ್ತು. ಎರಡು ಗಂಟೆ ಬಿಟ್ಟು ಇನ್ನೂ 15 ಹಾಡು ಸುರಿದರು! ಒಳ್ಳೆ ಹಾಡುಗಳಿವೆ, ಇಲ್ಲ ಅನ್ನಲ್ಲ. ಆದರೆ 31ರಲ್ಲಿ ಹುಡುಕಬೇಕು. ಅರ್ಧ ಕತ್ತರಿಸಿದ್ದರೆ ಸೈಡ್‌ಬಿ ಅವರ ಷರತ್ತಿಗೆ ಸಲೀಸಾಗಿ ಒಪ್ಪುತ್ತಿತ್ತು.

ಹಾಗಂತ ಉದ್ದ ಇದ್ದದ್ದೆಲ್ಲ ಕೆಟ್ಟದ್ದಲ್ಲ. ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’ನಲ್ಲಿ 27 ಟ್ರ್ಯಾಕ್ ಇವೆ, ಆದರೂ ರೇಡಿಯೋ ಕಾರ್ಯಕ್ರಮದ ಹಾಗೆ ಕಟ್ಟಿರೋದರಿಂದ ಓಡುತ್ತದೆ. ನಡುವೆ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತ) ಗಾಯಕ ವಿಲ್ಲಿ ನೆಲ್ಸನ್ ಬಂದು ಮಾತಾಡುತ್ತಾರೆ, ಲಿಂಡಾ ಮಾರ್ಟೆಲ್ ಬರುತ್ತಾರೆ. 1970ರಲ್ಲೇ ಕಂಟ್ರಿ ಆಲ್ಬಂ ತಂದ ಕಪ್ಪು ಗಾಯಕಿ ಆಕೆ, ಆಮೇಲೆ ಬಹುಪಾಲು ಜನ ಮರೆತೇಬಿಟ್ಟಿದ್ದರು. ಅವರನ್ನು ಅಲ್ಲಿ ಕೂರಿಸಿದ್ದೇ ಆ ಮರೆವಿಗೆ ಒಂದು ಉತ್ತರ. 2025ರ ಫೆಬ್ರವರಿಯಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಇದಕ್ಕೇ ಬಂತು, ಸರಿಯಾಗೇ ಬಂತು.

ಸೈಡ್‌ಬಿ:
ಬಿಯಾನ್ಸೆ ವಿಷಯ ಒಪ್ಪಿದೆ. ಬ್ರ್ಯಾಟ್ ನನಗೆ ಎರಡನೇ ಅರ್ಧದಲ್ಲಿ ಸ್ವಲ್ಪ ಸುಸ್ತು ಹಿಡಿಸುತ್ತದೆ, ಬೈಬೇಡಿ. ಇನ್ನು ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡೇವಿಡ್ ಗಿಲ್ಮೋರ್ ಅವರ ‘ಲಕ್ ಆ್ಯಂಡ್ ಸ್ಟ್ರೇಂಜ್’ ಯಾರೂ ಎತ್ತಲೇ ಇಲ್ವಲ್ಲ? ಶೀರ್ಷಿಕೆ ಹಾಡಿನಲ್ಲಿ ಅದೇ ಬ್ಯಾಂಡಿನ ರಿಕ್ ರೈಟ್ 2007ರಲ್ಲಿ ನುಡಿಸಿದ ಕೀಬೋರ್ಡ್ ಇದೆ. ಮರುವರ್ಷವೇ ಅವರು ತೀರಿಕೊಂಡರು. ಗಿಲ್ಮೋರ್ ಮಗಳು ರೋಮನಿ ಹಾಡಿರೋ ‘ಬಿಟ್ವೀನ್ ಟೂ ಪಾಯಿಂಟ್ಸ್’ ಕೇಳಿ, ಅಪ್ಪನ ಗಿಟಾರ್ ಕೊನೆಯಲ್ಲಷ್ಟೇ ಬಾಯಿ ಬಿಡುತ್ತದೆ.

ಹೊಸಬ:
ಗಾಯಕಿ ಚ್ಯಾಪಲ್ ರೋನ್ ಆಲ್ಬಂ ಸೇರಿಸಬಹುದಾ? ವರ್ಷವೆಲ್ಲಾ ಅದನ್ನೇ ಕೇಳಿದ್ದೀನಿ.

ರಿಫ್‌ರಾಯ:
ಆಲ್ಬಂ ಬಂದಿದ್ದು 2023ರ ಸೆಪ್ಟೆಂಬರ್‌ನಲ್ಲಿ ಕಣಪ್ಪ. ಜನಕ್ಕೆ ತಲುಪಿದ್ದು ಮರುವರ್ಷ. ಹಾರಿಸದೆ ಕೇಳಿದ್ದೀಯಾ ಅಂದರೆ ನನ್ನ ಕಡೆಯಿಂದ ಅಡ್ಡಿಯಿಲ್ಲ, ಸೈಡ್‌ಬಿ ಏನಂತಾರೋ ನೋಡು.