ಸುದ್ದಿ ಕೇಳಿ ಹೆದರಿದ ಮಕ್ಕಳ ಜೊತೆ ಕುಟುಂಬ ಪ್ರಾರ್ಥನೆ: ನೀವು ಹೇಗೆ ನಡೆಸುತ್ತೀರಿ?

ಕೇಳಿದವರು

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ಮನೆಯಲ್ಲಿ ಮೂವರು ಮಕ್ಕಳು: 5, 9, 14 ವರ್ಷ. ರಾತ್ರಿ ಕುಟುಂಬ ಪ್ರಾರ್ಥನೆ ಇದೆ. ಆದರೆ ದಿನವೂ ಯುದ್ಧ, ಭೂಕಂಪ, ಪ್ರವಾಹದ ಸುದ್ದಿಯೇ. ಒಂಬತ್ತು ವರ್ಷದವಳು "ದೇವರು ಯಾಕೆ ತಡೆಯಲಿಲ್ಲ?" ಅಂತ ಕೇಳುತ್ತಾಳೆ, ರಾತ್ರಿ ಮಲಗಲು ಹೆದರುತ್ತಾಳೆ. ದೊಡ್ಡ ಮಗ ಬಂದು ಕೂರುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ಯಜಮಾನರು ಪ್ರಾರ್ಥನೆ ಶುರು ಮಾಡಿದರೆ ಅರ್ಧ ಗಂಟೆ. ಸುದ್ದಿಯನ್ನು ಪ್ರಾರ್ಥನೆಯಿಂದ ಹೊರಗೇ ಇಡಬೇಕಾ, ಒಳಗೆ ತರಬೇಕಾ? ತಂದರೆ ಹೇಗೆ? "ನಂಬಿಕೆಯಿಂದ ಪ್ರಾರ್ಥಿಸಿ" ಅನ್ನುವುದು ಗೊತ್ತು. ದಯವಿಟ್ಟು ಕ್ರಮ ಹೇಳಿ.

ಸಂಡೇ ಸ್ಕೂಲ್ ಶಿಕ್ಷಕಿ

ತರಬೇಕು ಸಿಸ್ಟರ್. ಆದರೆ ಒಂದು ರಾತ್ರಿಗೆ ಒಂದೇ ಸುದ್ದಿ, ಅದೂ ದೊಡ್ಡವರು ಮೊದಲು ಓದಿ ಖಚಿತ ಮಾಡಿಕೊಂಡದ್ದು. ಮಕ್ಕಳಿಗೆ ಗೊತ್ತೇ ಇಲ್ಲದ ದುರಂತವನ್ನು ಪ್ರಾರ್ಥನೆಯ ನಡುವೆ ಮೊದಲ ಸಲ ಹೇಳಬೇಡಿ. ಕಣ್ಣು ಮುಚ್ಚಿ ಕೂತ ಮಗು ನಿಮ್ಮ ಮುಖ ನೋಡಲಾರದು, ಮಧ್ಯೆ ಬಾಯಿ ಹಾಕಿ ಕೇಳಲಾರದು. ಹೆದರಿಕೆ ಒಳಗೇ ಕೂತು ಹಾಸಿಗೆಯವರೆಗೂ ಹೋಗುತ್ತದೆ. ಮೊದಲು ಕಣ್ಣು ಬಿಟ್ಟುಕೊಂಡು ಮಾತು, ಆಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ.

ಐದು ವರ್ಷದ ಮಗು ಇರುವ ಮನೆಯಲ್ಲಿ ಒಟ್ಟು 15 ನಿಮಿಷ ಸಾಕು. ಹಾಡಿನ ಒಂದೆರಡು ಚರಣಕ್ಕೆ 2 ನಿಮಿಷ, ವಾಕ್ಯಕ್ಕೆ 3, ಮಾತಿಗೆ 4, ಪ್ರಾರ್ಥನೆಗೆ 5, ಕೊನೆಯ ಆಶೀರ್ವಾದಕ್ಕೆ 1. ಮಲಗುವ ಹೊತ್ತಿಗಿಂತ ಊಟ ಮುಗಿದ ಕೂಡಲೇ, ತಟ್ಟೆ ಎತ್ತಿ ಅಲ್ಲೇ ಕೂರುವುದು ಒಳ್ಳೆಯದು. ಮಲಗುವ ಹೊತ್ತಿಗೆ ಇಟ್ಟರೆ ಚಿಕ್ಕವರು ತೂಕಡಿಸುತ್ತಾರೆ, ಕೇಳಿದ ಕಷ್ಟದ ಮಾತು ಇಳಿಯಲು ಸಮಯವೂ ಸಿಗುವುದಿಲ್ಲ. ಟಿವಿ, ಮೊಬೈಲ್ ಅರ್ಧ ಗಂಟೆ ಮುಂಚೆಯೇ ಆಫ್ ಆಗಿರಲಿ. ಸತ್ಯವೇದವನ್ನು (ಬೈಬಲ್) ಪುಸ್ತಕದಲ್ಲೇ ಓದಿ. ಮೊಬೈಲಿನಲ್ಲಿ ಓದಿದರೆ ವಚನದ ಮೇಲೆಯೇ ಇನ್ನೊಂದು ಸುದ್ದಿ ಬಂದು ಕೂರುತ್ತದೆ.

ವಾಕ್ಯಕ್ಕೆ ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ, ಎಲ್ಲವೂ ಚುರುಕಾಗಿ ಸಾಗುವ ಘಟನೆಗಳು. ರಾತ್ರಿಗೆ ಹತ್ತು ವಚನದಂತೆ ವಾರಕ್ಕೆ ಐದು ದಿನ ಓದಿದರೆ ಮೂರು ತಿಂಗಳ ಚಿಲ್ಲರೆ ಹಿಡಿಯುತ್ತದೆ. ಇಡೀ ಸತ್ಯವೇದವನ್ನು ಒಂದು ವರ್ಷದಲ್ಲಿ ಮುಗಿಸುವ ಪಟ್ಟಿಯನ್ನು ಮಕ್ಕಳ ಮೇಲೆ ಹೇರಬೇಡಿ. ದಿನಕ್ಕೆ ಮೂರು ನಾಲ್ಕು ಅಧ್ಯಾಯ ಆಗುತ್ತದೆ, ನಿಯಮಗಳೇ ತುಂಬಿದ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಬಹುತೇಕ ಮನೆಗಳು ನಿಲ್ಲಿಸಿಬಿಡುತ್ತವೆ.

ಪ್ರಾರ್ಥನೆಯ ಐದು ನಿಮಿಷಕ್ಕೆ ಚೌಕಟ್ಟು ಹುಡುಕಬೇಕಿಲ್ಲ, ಕರ್ತನು ಕಲಿಸಿದ ಪ್ರಾರ್ಥನೆಯೇ ಇದೆ. "ನಿನ್ನ ಚಿತ್ತವು ಪರಲೋಕದಲ್ಲಿ ನೆರವೇರುವ ಪ್ರಕಾರ ಭೂಲೋಕದಲ್ಲಿಯೂ ನೆರವೇರಲಿ" ಅನ್ನುವಲ್ಲಿ ನಿಂತು ಆ ದಿನದ ಸುದ್ದಿ ಹೇಳಿ. "ಅನುದಿನದ ಆಹಾರ" ಅನ್ನುವಲ್ಲಿ ಪರೀಕ್ಷೆ, ಕೆಲಸ, ಜ್ವರ, ಮನೆಯ ಅಗತ್ಯಗಳು. "ಕ್ಷಮಿಸು" ಅನ್ನುವಲ್ಲಿ ಒಂದು ಕ್ಷಣ ಮೌನ. ಅಂದು ಜಗಳ ಆಡಿದವರು ಬೇಕಿದ್ದರೆ ಅಲ್ಲೇ "ಸಾರಿ" ಹೇಳಬಹುದು, ಬಲವಂತ ಬೇಡ. ಪ್ರಪಂಚದ ಸಂಕಟ ಮೊದಲು, ನಮ್ಮ ರೊಟ್ಟಿ ಆಮೇಲೆ. ಈ ಕ್ರಮವನ್ನು ಯೇಸುಸ್ವಾಮಿಯೇ ಹಾಕಿಕೊಟ್ಟಿದ್ದಾರೆ.

ಯಜಮಾನರ ವಿಷಯ: ಎಲ್ಲರೂ ಕೂತಾಗ ಒಬ್ಬೊಬ್ಬರಿಗೆ ಐದು ವಾಕ್ಯ ಅಂತ ನಿಯಮ ಇಡಿ, ಅವರಿಗೂ. ದೀರ್ಘ ಪ್ರಾರ್ಥನೆಗೆ ಬಾಗಿಲು ಮುಚ್ಚಿದ ಕೋಣೆ ಇದೆ, ಮತ್ತಾಯ 6:6 ಅದನ್ನೇ ಹೇಳುತ್ತದೆ. ಅದರ ಮುಂದಿನ ವಚನವನ್ನೂ ಇಬ್ಬರೂ ಕೂತು ಓದಿಕೊಳ್ಳಿ.

ಸಭಾಪಾಲಕರು

"ದೇವರು ಯಾಕೆ ತಡೆಯಲಿಲ್ಲ?" ಇದಕ್ಕೆ ಉತ್ತರ ಕೊಡಲೇಬೇಕು ಅಂದುಕೊಂಡಾಗಲೇ ತಪ್ಪುಗಳು ಆಗುತ್ತವೆ. "ಅವರ ಪಾಪದ ಫಲ" ಅನ್ನುವುದು ಒಂದು. ಲೂಕ 13ರಲ್ಲಿ ಜನರು ಯೇಸುವಿನ ಬಳಿಗೆ ಅಂದಿನ ಸುದ್ದಿಯನ್ನೇ ತರುತ್ತಾರೆ: ರೋಮನ್ ಅಧಿಪತಿ ಪಿಲಾತನು ಗಲಿಲಾಯದವರನ್ನು ಕೊಲ್ಲಿಸಿದ್ದು. ಆತನೇ ಇನ್ನೊಂದು ಸುದ್ದಿ ಸೇರಿಸುತ್ತಾನೆ: ಸಿಲೋವದಲ್ಲಿ ಬುರುಜು ಬಿದ್ದು 18 ಮಂದಿ ಸತ್ತದ್ದು. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳೋ ಎಂದು ಕೇಳಿ, ಅಲ್ಲ ಎಂದು ತಾನೇ ಹೇಳಿ, ಕೇಳುವವರ ಕಡೆಗೇ ತಿರುಗುತ್ತಾನೆ. ಅವರು ಯಾಕೆ ಸತ್ತರು ಎಂಬ ವಿವರಣೆ ಆತನು ಕೊಡಲಿಲ್ಲ. ಒಂಬತ್ತು ವರ್ಷದವಳಿಗೆ ಈ ಐದು ವಚನ ಓದಿ ಹೇಳಬಹುದು, ಅವಳಿಗೆ ಅರ್ಥವಾಗುತ್ತದೆ.

ಇನ್ನೊಂದು ತಪ್ಪು, "ದೇವರಿಗೆ ಅವರು ಬೇಕಾಗಿದ್ದರು, ಕರೆದುಕೊಂಡರು" ಅನ್ನುವುದು. ಮಗು ಇದನ್ನು ಅಕ್ಷರಶಃ ತೆಗೆದುಕೊಳ್ಳುತ್ತದೆ: ನಾಳೆ ಅಮ್ಮನೂ ಬೇಕಾದರೆ? ನಿದ್ದೆ ಕೆಡುವುದು ಇಲ್ಲೇ. "ನನಗೂ ಗೊತ್ತಿಲ್ಲ ಮಗಳೇ. ದೇವರಿಗೆ ಅದು ಇಷ್ಟವಾಗಿಲ್ಲ ಅನ್ನುವುದು ಗೊತ್ತು, ಯಾಕೆಂದರೆ ಲಾಜರನ ಸಮಾಧಿ ಹತ್ತಿರ ಯೇಸು ಅತ್ತರು. ಬಾ, ಅವರನ್ನೇ ಕೇಳೋಣ" ಅಂದರೆ ಸಾಕು.

ಕೇಳುವ ಬಗೆಯನ್ನು 13ನೇ ಕೀರ್ತನೆ ಕಲಿಸುತ್ತದೆ. ಆರೇ ವಚನ. 1 ಮತ್ತು 2ರಲ್ಲಿ ದೂರು, "ಎಷ್ಟರವರೆಗೆ" ಅನ್ನುವ ಕೂಗು ನಾಲ್ಕು ಸಲ ಬರುತ್ತದೆ. 3 ಮತ್ತು 4ರಲ್ಲಿ ಬೇಡಿಕೆ. 5 ಮತ್ತು 6ರಲ್ಲಿ ಭರವಸೆ. ಮನೆಯ ಪ್ರಾರ್ಥನೆಗೂ ಅದೇ ಮೂರು ಮೆಟ್ಟಿಲು. ಭೂಕಂಪದ ಸುದ್ದಿ ಬಂದ ರಾತ್ರಿ ಹೀಗೆ: "ಕರ್ತನೇ, ಆ ಊರಿನಲ್ಲಿ ಮನೆಗಳು ಬಿದ್ದಿವೆ, ನೀನು ಯಾಕೆ ತಡೆಯಲಿಲ್ಲ ಅಂತ ನಮಗೆ ತಿಳಿಯುತ್ತಿಲ್ಲ, ಸಂಕಟ ಆಗುತ್ತಿದೆ. ಕಲ್ಲು ಮಣ್ಣಿನ ಕೆಳಗೆ ಹುಡುಕುತ್ತಿರುವವರ ಕೈಗೆ ಬಲ ಕೊಡು, ಸಿಕ್ಕಿಕೊಂಡವರಿಗೆ ಉಸಿರು ಉಳಿಸು. ನೀನು ಅವರನ್ನು ಬಿಟ್ಟುಬಿಡುವವನಲ್ಲ ಅಂತ ನಂಬಿ ಮಲಗುತ್ತೇವೆ." ಎರಡನೆಯ ಮೆಟ್ಟಿಲಲ್ಲಿ ಕೈ, ಕಲ್ಲು, ಉಸಿರು ಅಂತ ಗುರುತಿರುವ ವಸ್ತುಗಳೇ ಬರಲಿ. "ಎಲ್ಲರಿಗೂ ಒಳ್ಳೆಯದು ಮಾಡು" ಅಂದರೆ ಮಗುವಿನ ಮನಸ್ಸು ಎಲ್ಲಿಯೂ ನಿಲ್ಲುವುದಿಲ್ಲ.

ಮೊದಲ ಮೆಟ್ಟಿಲು ಬಿಟ್ಟು ನೇರ ಭರವಸೆಗೆ ಹಾರಬೇಡಿ. ದೂರು ಹೇಳುವುದು ಅಪನಂಬಿಕೆ ಅಂತ ಬಹಳ ಮನೆಗಳಲ್ಲಿ ಮಕ್ಕಳ ಬಾಯಿ ಮುಚ್ಚಿಸುತ್ತಾರೆ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಅದೂ ಸತ್ಯವೇದದಲ್ಲಿದೆ.

ಹದಿಹರೆಯದವರ ತಂದೆ

14 ವರ್ಷದವನು ಮೌನವಾಗಲು ಸಾಮಾನ್ಯವಾಗಿ ಒಂದು ಕಾರಣ ಇರುತ್ತದೆ: ಪ್ರಾರ್ಥನೆಯ ಹೆಸರಿನಲ್ಲಿ ಅವನಿಗೆ ಬುದ್ಧಿ ಹೇಳುವುದು. "ಕರ್ತನೇ, ಇವನಿಗೆ ಮೊಬೈಲ್ ಬಿಟ್ಟು ಓದುವ ಮನಸ್ಸು ಕೊಡು." ಇದು ದೇವರಿಗೆ ಹೇಳಿದ್ದಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ಎದುರು ಮಾತಾಡಲೂ ಆಗದು, ಎಲ್ಲರ ಕಣ್ಣು ಮುಚ್ಚಿದೆ. ಅಂಥ ಮಾತು ಇದ್ದರೆ ಬೇರೆ ಹೊತ್ತಿನಲ್ಲಿ ಅವನೊಬ್ಬನ ಜೊತೆ ಆಡಿ. ಮತ್ತಾಯ 18:15ರ ಕ್ರಮ ಮನೆಗೂ ಸಲ್ಲುತ್ತದೆ. ಇನ್ನು ಮುಂದೆ ಅವನ ಹೆಸರು ಬಂದರೆ ಕೃತಜ್ಞತೆಗೋ ಅವನೇ ಕೇಳಿಕೊಂಡ ವಿಷಯಕ್ಕೋ ಮಾತ್ರ ಬರಲಿ. ಕೆಲವು ವಾರವಾದರೂ ಹಿಡಿಯುತ್ತದೆ, ಬೇಗ ಫಲ ನಿರೀಕ್ಷಿಸಬೇಡಿ.

ಅವನಿಗೆ ಕೆಲಸ ಕೊಡಿ. ವಾರದ ಸುದ್ದಿ ಆರಿಸುವುದು ಅವನ ಪಾಲು: ಎಲ್ಲಿ, ಏನಾಯಿತು, ಯಾರಿಗೆ ಏನು ಬೇಕು, ಮೂರೇ ವಾಕ್ಯ. ಅವನು ಬಾಯಿಬಿಟ್ಟು ಪ್ರಾರ್ಥಿಸದಿದ್ದರೂ ಬಿಡಿ, "ಆಮೆನ್" ಸಾಕು. "ನನಗೆ ಇದೆಲ್ಲ ನಂಬಿಕೆ ಬರುತ್ತಿಲ್ಲ" ಅಂದರೆ ಗಾಬರಿಯಾಗಿ ತಿದ್ದಲು ಹೋಗಬೇಡಿ. "ಯಾವ ಭಾಗ?" ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಹಬಕ್ಕೂಕನ ಗ್ರಂಥ ಮೂರೇ ಅಧ್ಯಾಯ, ಅನ್ಯಾಯ ನೋಡಿ ದೇವರ ಜೊತೆ ವಾದಕ್ಕೆ ಇಳಿದ ಪ್ರವಾದಿಯದು. ಈ ವಯಸ್ಸಿನವರಿಗೆ ಅದು ತುಂಬಾ ಹಿಡಿಸುತ್ತದೆ.

ಕಥೋಲಿಕ ತಾಯಿ

ಜಪಸರ (ರೋಸರಿ) ಹೇಳುವ ಮನೆಗಳಿಗೆ: ಐದು ರಹಸ್ಯಕ್ಕೆ (ಯೇಸು, ಮರಿಯಳ ಜೀವನದ ಧ್ಯಾನಿಸುವ ಘಟನೆಗಳು) ಐದು ಕೋರಿಕೆ, ಅದರಲ್ಲಿ ಒಂದೇ ಸುದ್ದಿಗೆ. ರಹಸ್ಯದ ಹೆಸರು ಹೇಳಿದ ಕೂಡಲೇ ಕೋರಿಕೆಯನ್ನು ಒಂದು ಸಾಲಿನಲ್ಲಿ ಹೇಳಿ, ಆಮೇಲೆ ಹತ್ತು ನಮೋ ಮರಿಯಾ. ಚಿಕ್ಕವರು ಸುಸ್ತಾದರೆ ಒಂದೇ ರಹಸ್ಯ ಹೇಳಿ ಮುಗಿಸಿ. ಗಡಿಬಿಡಿಯಲ್ಲಿ ಐದನ್ನೂ ಓಡಿಸುವುದಕ್ಕಿಂತ ಅದು ಮೇಲು. ಮಂಗಳವಾರ, ಶುಕ್ರವಾರದ ದುಃಖದ ರಹಸ್ಯಗಳು ಕಷ್ಟದ ಸುದ್ದಿಗೆ ತಾವಾಗಿಯೇ ಹೊಂದುತ್ತವೆ.

ಯುವಜನರ ಜೊತೆ ಕೆಲಸ ಮಾಡುವವರು

ಹೆದರಿಕೆಯ ಅರ್ಧ ಪಾಲು ವಾಟ್ಸಾಪ್ ಫಾರ್ವರ್ಡ್‌ಗಳಿಂದ ಬರುತ್ತದೆ. ಅದರಲ್ಲೂ "ಅಂತ್ಯಕಾಲದ ಗುರುತು" ಅಂತ ಬರುವ ವಿಡಿಯೋಗಳು. ದೊಡ್ಡವರು ಅದನ್ನು ಜೋರಾಗಿ ಹಾಕಿ ನೋಡುವಾಗ ಚಿಕ್ಕವರು ಪಕ್ಕದಲ್ಲೇ ಇರುತ್ತಾರೆ. ಮತ್ತಾಯ 24:6 ಯುದ್ಧಗಳ ಸುದ್ದಿ ಕೇಳಿದಾಗ ಕಳವಳಪಡಬೇಡಿ, ಇದು ಇನ್ನೂ ಅಂತ್ಯವಲ್ಲ ಅನ್ನುತ್ತದೆ. 24:36 ಆ ದಿನ, ಆ ಗಳಿಗೆ ಯಾರಿಗೂ ತಿಳಿಯದು ಅನ್ನುತ್ತದೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನು ಬರುತ್ತಾನೆಂದು ಕಾದು ಕೂತಿದ್ದರು. ಆ ದಿನ ಎಲ್ಲ ದಿನದಂತೆ ಕಳೆಯಿತು, ಎಷ್ಟೋ ಜನರ ನಂಬಿಕೆ ಕುಸಿಯಿತು. ತಾರೀಖು ಹೇಳುವ ಯಾವುದನ್ನೂ ಮುಂದಕ್ಕೆ ಕಳಿಸಬೇಡಿ.

ತುರ್ತು ಪ್ರಾರ್ಥನಾ ವಿನಂತಿಗಳನ್ನೂ ನೋಡಿಕೊಳ್ಳಿ. ಘಟನೆಯ ತಾರೀಖು ಇದೆಯಾ ("ಇವತ್ತು ರಾತ್ರಿ" ಅಂದರೆ ಸಾಲದು, ಅದು ವರ್ಷಗಟ್ಟಲೆ "ಇವತ್ತು ರಾತ್ರಿ"ಯಾಗಿಯೇ ಸುತ್ತುತ್ತದೆ), ಊರಿನ ಹೆಸರು ಇದೆಯಾ, ಹೇಳಿದವರು ಯಾರು ಅಂತ ಗೊತ್ತಾ? ಚಿತ್ರವನ್ನು ಗೂಗಲ್‌ನ ಚಿತ್ರ ಹುಡುಕಾಟಕ್ಕೆ ಹಾಕಿದರೆ ಹಳೆಯದೋ ಹೊಸದೋ ಬಹುತೇಕ ಗೊತ್ತಾಗುತ್ತದೆ. ಖಚಿತವಾಗದಿದ್ದರೆ ನೀವು ಪ್ರಾರ್ಥಿಸಿ, ಕಳಿಸಬೇಡಿ. ಸುಳ್ಳುಸುದ್ದಿ ಹಬ್ಬಿಸಬಾರದೆಂದು ವಿಮೋಚನಕಾಂಡ 23:1 ನೇರವಾಗಿಯೇ ಹೇಳುತ್ತದೆ. ಪ್ರಾರ್ಥನೆಗೆ ಅಂತ ಕಳಿಸಿದರೂ ಸುಳ್ಳು ಸುಳ್ಳೇ. ಇನ್ನೊಂದು ಸಮುದಾಯದ ಮೇಲೆ ಸಿಟ್ಟು ಬರಿಸುವ ಫಾರ್ವರ್ಡ್ ಆದರೆ ಎರಡು ಪಟ್ಟು ಎಚ್ಚರ ಬೇಕು.

ಕೇಳಿದವರು

ತುಂಬಾ ಉಪಕಾರ. ಇನ್ನೆರಡು ವಿಷಯ. ಚುನಾವಣೆಯ ಹೊತ್ತಿಗೆ ಮನೆಯಲ್ಲಿ ಇಬ್ಬರದು ಎರಡು ಪಕ್ಷ, ಪ್ರಾರ್ಥನೆಯಲ್ಲೂ ಅದು ಇಣುಕುತ್ತದೆ. ಮತ್ತೆ, "ಪ್ರಾರ್ಥಿಸಿದೆವಲ್ಲ, ಯುದ್ಧ ನಿಲ್ಲಲಿಲ್ಲ" ಅಂತ ಮಗಳು ಕೇಳಿದರೆ?

ಸಭಾಪಾಲಕರು

ಅಧಿಕಾರದಲ್ಲಿರುವ ಎಲ್ಲರಿಗಾಗಿಯೂ ಪ್ರಾರ್ಥಿಸಬೇಕೆಂದು 1 ತಿಮೊಥೆಯ 2:1-2 ಹೇಳುತ್ತದೆ. ರೋಮಿನ ಚಕ್ರವರ್ತಿಗಳ ಕಾಲದ ಕ್ರೈಸ್ತರಿಗೆ ಬರೆದ ಮಾತು ಅದು, ತಮಗೆ ಬೇಕಾದ ರಾಜನನ್ನು ಅವರು ಆರಿಸಿರಲಿಲ್ಲ. ಆದ್ದರಿಂದ ಪಕ್ಷದ ಹೆಸರು ಬೇಡ, ಹುದ್ದೆಯ ಹೆಸರು ಸಾಕು. "ನಮ್ಮವರು ಗೆಲ್ಲಲಿ" ಬೇಡ, "ಗೆದ್ದವರು ಬಡವರಿಗೆ ನ್ಯಾಯ ಮಾಡಲಿ" ಸರಿ. ಮತ ಯಾರಿಗೆ ಅನ್ನುವ ಚರ್ಚೆ ಊಟದ ಹೊತ್ತಿಗೆ ಎಷ್ಟು ಬೇಕಾದರೂ ನಡೆಯಲಿ, ಎದುರಿನವರು ಉತ್ತರ ಕೊಡಬಹುದು. ಪ್ರಾರ್ಥನೆಯಲ್ಲಿ ಹೇಳಿದ ಮಾತಿಗೆ ಯಾರೂ ಉತ್ತರ ಕೊಡಲಾರರು, ಅನ್ಯಾಯ ಅಲ್ಲಿದೆ.

ಸಂಡೇ ಸ್ಕೂಲ್ ಶಿಕ್ಷಕಿ

ಎರಡನೆಯದಕ್ಕೆ ಒಂದು ನೋಟ್‌ಬುಕ್ ಇಡಿ. ಪುಟಕ್ಕೆ ಮೂರು ಕಾಲಂ: ಕೇಳಿದ ತಾರೀಖು, ಕೇಳಿದ್ದೇನು, ಆಮೇಲೆ ಏನಾಯಿತು. ಮೂರನೆಯದನ್ನು ತಿಂಗಳಿಗೊಮ್ಮೆ ಮಾತ್ರ ತುಂಬಿ, ಆದದ್ದನ್ನೇ ಬರೆಯಿರಿ: "ಜ್ವರ ಬಿಟ್ಟಿತು", "ಅಜ್ಜಿ ತೀರಿಕೊಂಡರು", "ಯುದ್ಧ ನಡೆಯುತ್ತಿದೆ, ಕೇಳುತ್ತಲೇ ಇದ್ದೇವೆ". ಈಡೇರಿದ್ದಕ್ಕೆ ಮಾತ್ರ ಗುರುತು ಹಾಕಿದರೆ ಮಕ್ಕಳು ಲೆಕ್ಕ ಶುರು ಮಾಡುತ್ತಾರೆ, ಈಡೇರದ್ದು ತಮ್ಮ ನಂಬಿಕೆ ಸಾಲದ್ದಕ್ಕೆ ಅಂದುಕೊಳ್ಳುತ್ತಾರೆ. "ಇಲ್ಲ" ಅಂತ ಬರೆಯಬೇಕಾದ ಕಡೆ ಇಲ್ಲ ಅಂತಲೇ ಬರೆಯಿರಿ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆಯಲ್ಲಿ ಯೇಸು ತೊಲಗಿಸೆಂದು ಕೇಳಿಕೊಂಡ ಸಂಕಟದ ಪಾತ್ರೆಯೂ ತೊಲಗಲಿಲ್ಲ.

ಸಭೆಯ ಪರಿಹಾರ ನಿಧಿ ನೋಡಿಕೊಳ್ಳುವವರು

ಸುದ್ದಿಗೆ ಪ್ರಾರ್ಥಿಸಿದ ಮೇಲೆ ಕೈಗೆ ಒಂದು ಕೆಲಸ ಇದ್ದರೆ ಮಕ್ಕಳ ಕಳವಳ ಇಳಿಯುತ್ತದೆ. ಕ್ಷಾಮ ಬರುತ್ತದೆಂದು ಕೇಳಿದ ಅಂತಿಯೋಕ್ಯದ ಶಿಷ್ಯರು ಅವರವರ ಶಕ್ತಿಗೆ ತಕ್ಕಂತೆ ಯೂದಾಯಕ್ಕೆ ಕಳಿಸಿದರು (ಅಪೊಸ್ತಲರ ಕೃತ್ಯಗಳು 11:28-30). ವಾರದ ಮೊದಲ ದಿನ ಎತ್ತಿಡುವ ಪದ್ಧತಿ 1 ಕೊರಿಂಥ 16:2ರಲ್ಲಿದೆ. ಮೇಜಿನ ಮೇಲೆ ಒಂದು ಡಬ್ಬಿ, ಭಾನುವಾರ ಪ್ರತಿಯೊಬ್ಬರೂ ತಮ್ಮ ಕೈಯಿಂದಲೇ ಹಾಕುವುದು. ಮಗುವಿನ ಪರವಾಗಿ ನೀವು ಹಾಕಬೇಡಿ. ಡಬ್ಬಿ ತುಂಬಿದಾಗ ಎಲ್ಲಿಗೆ ಅನ್ನುವುದನ್ನು ಮಕ್ಕಳೂ ಕೂತು ತೀರ್ಮಾನಿಸಲಿ. ಕಳಿಸುವ ಮುಂಚೆ ರಸೀದಿ ಕೊಡುತ್ತಾರಾ, ಹಣ ಯಾವುದಕ್ಕೆ ಹೋಯಿತು ಅಂತ ಹೇಳುತ್ತಾರಾ ಕೇಳಿ. ವ್ಯಕ್ತಿಯ ಖಾಸಗಿ ಖಾತೆಗೆ ಬೇಡ. ದುರಂತದ ಜಾಗಕ್ಕೆ ಹಳೆಯ ಬಟ್ಟೆ ಕಳಿಸುವುದಕ್ಕಿಂತ ಹಣ ಉಪಯೋಗ. ಬಟ್ಟೆ ವಿಂಗಡಿಸಲು ಅಲ್ಲಿ ಕೈ ಸಾಲುವುದಿಲ್ಲ, ನೆನೆದು ಕೊಳೆಯುತ್ತದೆ.

ಹದಿಹರೆಯದವರ ತಂದೆ

ಮಲಗಲು ಹೆದರುವ ಮಗಳಿಗೆ: ದೀಪ ಆರಿಸುವ ಮುಂಚೆ ತಲೆಯ ಮೇಲೆ ಕೈ ಇಟ್ಟು ಅರಣ್ಯಕಾಂಡ 6:24-26ರ ಆಶೀರ್ವಾದ, ಅವಳ ಹೆಸರು ಸೇರಿಸಿ. ಮೂರೇ ವಚನ, ಅರ್ಧ ನಿಮಿಷ. ದಿನವೂ ಅದೇ ಮಾತು, ಅದೇ ಕ್ರಮ, ಬದಲಿಸಬೇಡಿ. ಆ ಹೊತ್ತಿಗೆ ಹೊಸ ಪ್ರಶ್ನೆ ಬಂದರೆ "ಬೆಳಿಗ್ಗೆ ತಿಂಡಿ ಹೊತ್ತಿಗೆ ಮಾತಾಡೋಣ" ಅಂತ ನೋಟ್‌ಬುಕ್ಕಿನಲ್ಲಿ ಅವಳ ಎದುರೇ ಬರೆದಿಡಿ, ಬೆಳಿಗ್ಗೆ ಮರೆಯದೆ ತೆಗೆಯಿರಿ. ಎರಡು ಮೂರು ವಾರವಾದರೂ ನಿದ್ದೆ ಸರಿಯಾಗದಿದ್ದರೆ, ಊಟ ಬಿಟ್ಟರೆ, ಶಾಲೆಗೆ ಹೋಗಲು ಹಿಂಜರಿದರೆ ಮಕ್ಕಳ ವೈದ್ಯರಿಗೆ ತೋರಿಸಿ. ಪ್ರಾರ್ಥನೆ ಜೊತೆಗೇ ನಡೆಯಲಿ.